ಹತ್ತೊಂಬತ್ತು ಮನೆ, ಎಪ್ಪತ್ತನಾಲ್ಕು ಓಟು

ನೆಕ್ಕರೆಮೂಲೆಗೆ ಹೋಗಬೇಕಾದವರು ಬೆಳ್ಳಾರೆಯಲ್ಲಿ ಬಸ್ಸಿಳಿದು ಎರಡೂವರೆ ಮೈಲಿ ನಡೆಯಬೇಕಾಗಿತ್ತು. ಕೊನೆಯಲ್ಲಿ ಇಪ್ಪತ್ತೆರಡು ಅಡಿ ಅಗಲದ ಒಂದು ತೋಡು ಅಡ್ಡ ಬರುತ್ತಿತ್ತು. ಅದನ್ನು ದಾಟಲು ಮೂರು ಅಡಿಕೆ ಮರಗಳನ್ನು ಜೋಡಿಸಿ ಬಳ್ಳಿಯಿಂದ ಬಿಗಿದ ಒಂದು ಕಾಲುಸಂಕವಿತ್ತು. ಪ್ರತಿ ವರ್ಷ ಜೂನ್ ತಿಂಗಳ ಮೊದಲ ನೆರೆಗೆ ಸಂಕ ತೇಲಿ ಹೋಗುತ್ತಿತ್ತು. ನವರಾತ್ರಿಯ ಹೊತ್ತಿಗೆ ಊರವರು ಹೊಸದನ್ನು ಹಾಕುತ್ತಿದ್ದರು. ನಡುವಿನ ನಾಲ್ಕು ತಿಂಗಳು ದೊಡ್ಡವರು ಸುತ್ತುದಾರಿ ಹಿಡಿಯುತ್ತಿದ್ದರು, ಮಕ್ಕಳು ಮನೆಯಲ್ಲೇ ಉಳಿಯುತ್ತಿದ್ದರು.

ಕುಕ್ಕಪ್ಪ ಗೌಡರ ಮೊಮ್ಮಗಳು ಮೋಹಿನಿಗೆ ಹೀಗೆ ಒಂದೇ ಮಳೆಗಾಲದಲ್ಲಿ ಎಂಬತ್ತೊಂದು ದಿನ ಶಾಲೆ ತಪ್ಪಿತು. ಮಾಸ್ತರರು ಅವಳನ್ನು ಎರಡನೆಯ ತರಗತಿಯಲ್ಲಿಯೇ ಉಳಿಸಿದರು. "ಇನ್ನೊಂದು ಮಳೆಗಾಲ ಹೀಗೆಯೇ ಆದರೆ ಶಾಲೆ ಸಾಕು, ಮನೆಕೆಲಸ ಕಲಿಯಲಿ" ಎಂದು ಅಜ್ಜಿ ಪೂವಕ್ಕ ತೀರ್ಮಾನ ಹೇಳಿಬಿಟ್ಟರು. ಮೋಹಿನಿಯ ತಾಯಿ ಸೇವಂತಿಗೆ ಆ ಮಾತು ಎದೆಯಲ್ಲಿ ಮುಳ್ಳಿನ ಹಾಗೆ ಉಳಿಯಿತು. ಅವಳ ಗಂಡ ಅಚ್ಚುತ ಕೊಡಗಿನ ಕಾಫಿ ತೋಟದಲ್ಲಿ ದುಡಿಯುತ್ತಿದ್ದ. ಮಾತಾಡಬೇಕಾದವಳು ಅವಳೇ.

ಸಾವಿರದ ಒಂಬೈನೂರ ಅರವತ್ತೆರಡರ ಜನವರಿಯಲ್ಲಿ, ಮೈಸೂರು ರಾಜ್ಯದ ವಿಧಾನಸಭೆಗೆ ಮುಂದಿನ ತಿಂಗಳು ಚುನಾವಣೆ ಎಂಬ ಸುದ್ದಿ ಎಲ್ಲೆಡೆ ಹರಡಿತು. ಒಂದು ಬೆಳಿಗ್ಗೆ ಸೇವಂತಿ ತೋಡಿನಲ್ಲಿ ಬಟ್ಟೆ ಒಗೆಯುತ್ತಿದ್ದಳು. ಮಾವ ಕುಕ್ಕಪ್ಪ ಗೌಡರು ದಡದಲ್ಲಿ ನಿಂತು ಬೇಲಿ ಸರಿಮಾಡುತ್ತಿದ್ದರು. ಆಗ ಯಾವುದೋ ಪಕ್ಷದ ಇಬ್ಬರು ಆಚೆ ದಡಕ್ಕೆ ಬಂದು, ಅಲ್ಲಿಂದಲೇ ಕೂಗಿದರು.

"ಗೌಡ್ರೆ, ನಿಮ್ಮಲ್ಲಿ ಎಷ್ಟು ಓಟು ಉಂಟು?"

"ಹತ್ತೊಂಬತ್ತು!" ಗೌಡರು ಯೋಚಿಸದೆ ಉತ್ತರಿಸಿದರು.

ಅವರಲ್ಲೊಬ್ಬ ಪುಸ್ತಕದಲ್ಲಿ ಬರೆದುಕೊಂಡ. ಇನ್ನೊಬ್ಬ ಅಲುಗಾಡುವ ಸಂಕವನ್ನು ನೋಡಿ, "ಹತ್ತೊಂಬತ್ತಕ್ಕೆ ಇದರ ಮೇಲೆ ಹೋಗಿ ಕಾಲು ಮುರ್ಕೊಳ್ಳುದು ಬೇಡ ಮಾರಾಯ" ಎಂದ. ಇಬ್ಬರೂ ಹಿಂದಿರುಗಿದರು. ಈ ಮಾತು ಗೌಡರಿಗೆ ಕೇಳಿಸಲಿಲ್ಲ, ಸೇವಂತಿಗೆ ಕೇಳಿಸಿತು.

ಗೌಡರು ಸುಳ್ಳು ಹೇಳಿರಲಿಲ್ಲ. ನೆಕ್ಕರೆಮೂಲೆಯಲ್ಲಿ ಊರ ಕೆಲಸಕ್ಕೆಲ್ಲ 'ಮನೆಗೊಬ್ಬರು' ಎಂಬುದು ಹಿಂದಿನಿಂದ ಬಂದ ಕ್ರಮ. ತೋಡಿಗೆ ಕಟ್ಟ ಹಾಕಲು, ದಾರಿಯ ಬಲ್ಲೆ ಪೊದೆ ಕಡಿಯಲು, ಸತ್ತವರ ಮನೆಗೆ ಸೌದೆ ಒಡೆಯಲು ಪ್ರತಿ ಮನೆಯಿಂದ ಒಬ್ಬರು ಹೋದರೆ ಆಯಿತು. ಓಟು ಎಂಬುದೂ ಊರ ಕೆಲಸವೇ ಎಂದು ಅವರೆಲ್ಲ ತಿಳಿದಿದ್ದರು. ಹಿಂದಿನ ಚುನಾವಣೆಯಲ್ಲಿ ಹತ್ತೊಂಬತ್ತು ಮನೆಗಳಿಂದ ಹತ್ತೊಂಬತ್ತು ಗಂಡಸರು ಹೋಗಿ ಬಂದಿದ್ದರು. ಉಳಿದವರಿಗೆ ಓಟು ಇದೆಯೋ ಇಲ್ಲವೋ ಎಂದು ಯಾರೂ ವಿಚಾರಿಸಿರಲಿಲ್ಲ.

ಆ ದಿನ ಮಧ್ಯಾಹ್ನ ಸೇವಂತಿ ಬಡಿಸುತ್ತಲೇ ಹೇಳಿದಳು. "ಮಾವ, ಈ ಸಲ ಓಟಿಗೆ ನಾನೂ ಬರ್ತೇನೆ."

"ಮನೆಗೊಬ್ಬರು ಸಾಕು. ಹೆಂಗಸರು ಹೋಗಿ ಸಾಲಿನಲ್ಲಿ ನಿಂತರೆ ನೋಡಿದವರು ನಗ್ತಾರೆ. ಮತ್ತೆ ಈ ಸಲ ನಾನೇ ಹೋಗುದಿಲ್ಲ."

ಅಲ್ಲಿಗೆ ಆ ಮನೆಯ ಓಟು ಸೊನ್ನೆಯಾಯಿತು.

ಗ್ರಾಮಸೇವಕಿ ಕುಮುದಿನಿ ಹದಿನೈದು ದಿನಕ್ಕೊಮ್ಮೆ ಗುರುವಾರ ನೆಕ್ಕರೆಮೂಲೆಗೆ ಬಂದು ಶಿಶುಗಳ ತೂಕ ನೋಡಿ ಹೋಗುತ್ತಿದ್ದರು. ಸೇವಂತಿ ನಡೆದುದನ್ನೆಲ್ಲ ಅವರಿಗೆ ತಿಳಿಸಿದಳು. ಮುಂದಿನ ಬಾರಿ ಬರುವಾಗ ಕುಮುದಿನಿ ಮತದಾರರ ಪಟ್ಟಿಯಲ್ಲಿ ಆ ಊರಿನ ಭಾಗವನ್ನು ಶ್ಯಾನುಭೋಗರ ಬಳಿ ಕುಳಿತು ನಕಲು ಮಾಡಿ ತಂದರು. ಕುಕ್ಕಪ್ಪ ಗೌಡರು ಜಗಲಿಯಲ್ಲಿದ್ದರು. ಒಣಮೀನು ಮಾರುವ ಆದಂ ಕುಂಞಿ ಬ್ಯಾರಿ ಬುಟ್ಟಿ ಇಳಿಸಿ, ಬೆಲ್ಲ ನೀರು ಕುಡಿಯುತ್ತ ಮೆಟ್ಟಿಲಲ್ಲಿ ಕುಳಿತಿದ್ದರು.

"ಬನ್ನಿ ಅಮ್ಮ, ಕೂತ್ಕೊಳ್ಳಿ. ಓಟಿನ ಸುದ್ದಿಯೊಂದು ಬೇಡ" ಎಂದರು ಗೌಡರು.

"ಯಾಕೆ ಗೌಡ್ರೆ, ಓಟು ಎಂತ ಮಾಡಿತು ನಿಮಗೆ?"

"ಎಂತ ಮಾಡಿತಾ? ಕಳೆದ ಸಲ ಒಬ್ಬೊಬ್ಬರಿಗೆ ಎರಡೆರಡು ಚೀಟಿ ಕೊಟ್ಟಿದ್ರು. ಈ ಸಲ ಒಂದೇ ಅಂತೆ. ಈಗ ನಾವು ಸೇರಿದ ಸುಳ್ಯದ ಸೀಟು ಮೀಸಲು ಅಂತೆ. ಅಂದರೆ ನಮ್ಮ ಪಾಲಿನ ಚೀಟಿಯನ್ನೇ ತೆಗೆದದ್ದಲ್ವಾ? ನಮಗೆ ಅಲ್ಲಿ ಎಂತ ಕೆಲಸ ಉಂಟು? ಹೆಂಗಸರು ಹೋದರಂತೂ ನೋಡಿದವರು ನಗ್ತಾರೆ."

ಆದಂ ಕುಂಞಿ ನಕ್ಕರು. "ಗೌಡ್ರು ಹೋಗದಿದ್ರೆ ಹತ್ತೊಂಬತ್ತರಲ್ಲಿ ಹದಿನೆಂಟು. ಮುಂದಿನ ಸಲ ಪಕ್ಷದವರು ಆಚೆ ದಡಕ್ಕೂ ಬರುದಿಲ್ಲ, ಬೆಳ್ಳಾರೆಯಿಂದಲೇ ಕೂಗುದು!"

"ನೀವು ಮೀನು ಮಾರಿ ಬ್ಯಾರಿಗಳೇ."

"ಮಾರ್ತೇನೆ, ಮಾರ್ತೇನೆ. ನಮ್ಮ ಮನೆಯವಳು ಐಸಮ್ಮ ಕಳೆದ ಸಲ ಓಟು ಹಾಕಿ ಬಂದಿದ್ದಾಳೆ. ಯಾರೂ ನಗಲಿಲ್ಲ ಮಾರಾಯ್ರೆ. ನಕ್ಕಿದ್ರೆ ಅವಳು ಬಿಡ್ತಿದ್ಳಾ?"

ಕುಮುದಿನಿ ಸಾವಧಾನವಾಗಿ ವಿವರಿಸಿದರು. "ಗೌಡ್ರೆ, ಐವತ್ತೇಳರಲ್ಲಿ ನಮ್ಮದೆಲ್ಲ ಪುತ್ತೂರು ಕ್ಷೇತ್ರ. ಅಲ್ಲಿಂದ ಇಬ್ಬರು ಸದಸ್ಯರು ಆರಿಸಿ ಬರಬೇಕಿತ್ತು. ಆದ್ದರಿಂದ ಚೀಟಿ ಎರಡು. ಈಗ ಅಂಥ ಜೋಡಿ ಕ್ಷೇತ್ರಗಳನ್ನೆಲ್ಲ ಬೇರೆ ಬೇರೆ ಮಾಡಿದ್ದಾರೆ. ಒಂದು ಕ್ಷೇತ್ರ, ಒಬ್ಬ ಸದಸ್ಯ, ಒಂದು ಚೀಟಿ. ಪುತ್ತೂರಿನವರಿಗೂ ಒಂದೇ. ನಿಮ್ಮದನ್ನು ಯಾರೂ ಕಿತ್ಕೊಂಡಿಲ್ಲ."

"ಮತ್ತೆ ಮೀಸಲು ಅಂದದ್ದು?"

"ಮೀಸಲು ಇರುದು ನಿಲ್ಲುವವರಿಗೆ. ಅಭ್ಯರ್ಥಿ ಪರಿಶಿಷ್ಟ ಜಾತಿಯವರೇ ಆಗಿರಬೇಕು. ಓಟು ಹಾಕುವ ಹಕ್ಕು ಎಲ್ಲ ಜಾತಿಯವರಿಗೂ ಉಂಟು. ಗೆದ್ದವರು ಎಲ್ಲರಿಗೂ ಸದಸ್ಯರು. ಐವತ್ತೇಳರ ಇಬ್ಬರಲ್ಲಿ ಒಬ್ಬರು ಹಾಗೆಯೇ ಬಂದವರು. ಅವರು ನಿಮ್ಮ ಸದಸ್ಯರು ಅಲ್ಲ ಅಂತ ಯಾರಾದ್ರೂ ಹೇಳಿದ್ರಾ?"

ಗೌಡರು ಎಲೆಗೆ ಸುಣ್ಣ ಹಚ್ಚತೊಡಗಿದರು. ಒಳಬಾಗಿಲಲ್ಲಿ ನಿಂತಿದ್ದ ಸೇವಂತಿ ಮೆಲ್ಲಗೆ ಹೇಳಿದಳು. "ಸಂಕ ಹಾಕಿಸುವವರ ಜಾತಿ ಕೇಳಿ ಮೋಹಿನಿಗೆ ಎಂತ ಆಗಬೇಕು ಮಾವ? ದಾಟಲಿಕ್ಕೆ ಆದರೆ ಸಾಕು."

ಗೌಡರು ಸೊಸೆಯ ಕಡೆ ನೋಡಿದರು. ಸಿಟ್ಟಾಗಲಿಲ್ಲ.

ಕುಮುದಿನಿ ಪಟ್ಟಿ ಬಿಚ್ಚಿ ಓದತೊಡಗಿದರು. "ನಾನೂರ ಹನ್ನೊಂದು, ಕುಕ್ಕಪ್ಪ ಗೌಡ, ವಯಸ್ಸು ಅರವತ್ತೊಂದು. ನಾನೂರ ಹನ್ನೆರಡು, ಪೂವಕ್ಕ, ವಯಸ್ಸು ಐವತ್ತನಾಲ್ಕು."

"ನನ್ನ ಹೆಸರಾ?" ಪೂವಕ್ಕ ಮೊರ ಹಿಡಿದುಕೊಂಡೇ ಹೊರಗೆ ಬಂದರು. ಮದುವೆಯಾದ ಮೇಲೆ ಅವರು ಅತ್ತಿಗೆ, ಅತ್ತೆ, ಅಜ್ಜಿ ಎಂಬ ಕರೆಗಳನ್ನು ಕೇಳಿದ್ದೇ ಹೆಚ್ಚು. "ಇನ್ನೊಮ್ಮೆ ಓದಿ."

"ಪೂವಕ್ಕ. ವಯಸ್ಸು ಐವತ್ತನಾಲ್ಕು."

"ಎರಡು ವರ್ಷ ಜಾಸ್ತಿ ಬರೆದಿದ್ದಾರೆ."

"ಕಡಿಮೆಯೇ ಬರೆದದ್ದು" ಎಂದರು ಗೌಡರು.

"ನಾನೂರ ಹದಿಮೂರು, ಅಚ್ಚುತ. ನಾನೂರ ಹದಿನಾಲ್ಕು, ಸೇವಂತಿ, ವಯಸ್ಸು ಇಪ್ಪತ್ತಾರು." ಹೀಗೆ ಹತ್ತೊಂಬತ್ತು ಮನೆಗಳ ಹೆಸರುಗಳನ್ನೂ ಓದಿ ಮುಗಿಸಿ ಕುಮುದಿನಿ ಕಾಗದ ಮಡಚಿದರು. "ಒಟ್ಟು ಎಪ್ಪತ್ತನಾಲ್ಕು, ಗೌಡ್ರೆ. ಹತ್ತೊಂಬತ್ತು ಅಲ್ಲ."

"ಆದರೆ ನಮ್ಮಲ್ಲಿ ಮನೆಗೊಬ್ಬರು..."

"ನಾನೊಂದು ಕೇಳ್ತೇನೆ. ಮದುವೆಗೆ ಹೇಳಿಕೆ ಬಂದರೆ ನೀವು ಮೊದಲು ಎಂತ ವಿಚಾರಿಸುದು?"

"ಒಬ್ಬರ ಹೇಳಿಕೆಯಾ, ಎಲ್ಲರ ಹೇಳಿಕೆಯಾ ಅಂತ."

"ಎಲ್ಲರನ್ನೂ ಕರೆದಲ್ಲಿಗೆ ಒಬ್ಬರೇ ಹೋದರೆ?"

"ಕರೆದವರಿಗೆ ಮರ್ಯಾದೆ ಕೊಟ್ಟ ಹಾಗಾಗುದಿಲ್ಲ. ಅದು ತಪ್ಪು." ಊರಿನ ಎಲ್ಲ ಮದುವೆಗಳಲ್ಲಿಯೂ ಮುಂದೆ ನಿಂತು ಕ್ರಮ ನಡೆಸುವವರು ಅವರೇ. ಈ ವಿಷಯದಲ್ಲಿ ಅವರಿಗೆ ಸಂಶಯವೇ ಇರಲಿಲ್ಲ.

"ಇದು ಎಲ್ಲರ ಹೇಳಿಕೆ ಗೌಡ್ರೆ. ಒಬ್ಬೊಬ್ಬರ ಹೆಸರು ಹಿಡಿದು, ವಯಸ್ಸು ಬರೆದು ಕರೆದಿದ್ದಾರೆ. ಪೂವಕ್ಕನ ಹೆಸರಿಗೆ ನೀವು ಹಾಕಲಿಕ್ಕಾಗುದಿಲ್ಲ, ನಿಮ್ಮ ಹೆಸರಿಗೆ ಅವರೂ ಹಾಕಲಿಕ್ಕಾಗುದಿಲ್ಲ. ಹೋಗದವರ ಓಟು ಯಾರ ಲೆಕ್ಕಕ್ಕೂ ಸೇರುದಿಲ್ಲ. ಅದು ಇಲ್ಲವೇ ಇಲ್ಲ."

ಗೌಡರು ಎಲೆಯ ತಟ್ಟೆಯನ್ನು ಬದಿಗೆ ಸರಿಸಿದರು. ಕೊನೆಗೆ ಗೌಡರು ಕೇಳಿದರು. "ಹಾಕುದು ಹೇಗೆ? ಕಳೆದ ಸಲದ ಹಾಗೆ ಚಿತ್ರ ನೋಡಿ ಡಬ್ಬಕ್ಕೆ ಹಾಕಿದರೆ ಆಯ್ತಾ?"

"ಅಲ್ಲ. ಆಗ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ ಇತ್ತು. ಈಗ ಎಲ್ಲರಿಗೂ ಸೇರಿ ಒಂದೇ ಪೆಟ್ಟಿಗೆ. ಚೀಟಿಯಲ್ಲಿ ಎಲ್ಲರ ಹೆಸರು, ಚಿತ್ರ ಅಚ್ಚು ಹಾಕಿರ್ತಾರೆ. ನಿಮಗೆ ಬೇಕಾದವರ ಚಿತ್ರದ ಹತ್ತಿರ ಮೊಹರು ಒತ್ತಿ, ಮಡಚಿ ಹಾಕುದು. ಮೊಹರು ಒತ್ತದೆ ಹಾಕಿದರೆ ಆ ಚೀಟಿ ದಂಡ."

ಕುಮುದಿನಿ ಕಾಗದದಲ್ಲಿ ಮೂರು ಚೌಕ ಗೀಚಿ ಕೊಡಪಾನ, ಹಾಳೆಯ ಟೋಪಿ ಮುಟ್ಟಾಳೆ, ಹಾರೆ ಇವುಗಳ ಚಿತ್ರ ಬರೆದರು. ಇವು ಯಾವ ಪಕ್ಷದ ಗುರುತೂ ಆಗಿರಲಿಲ್ಲ. ಸೇವಂತಿ ಬಾಳೆದಿಂಡಿನ ತುಂಡಿನ ತುದಿಯಲ್ಲಿ ಕತ್ತರಿ ಗುರುತು ಕೊರೆದು ತಂದಳು. ಮಸಿಯನ್ನು ನೀರಿನಲ್ಲಿ ಕಲಸಿ ಶಾಯಿ ಮಾಡಿದರು.

ಗೌಡರು ಬಹಳ ಯೋಚಿಸಿ, ಕೊಡಪಾನ ಮತ್ತು ಮುಟ್ಟಾಳೆಯ ನಡುವಿನ ಗೆರೆಯ ಮೇಲೆ ಸರಿಯಾಗಿ ಒತ್ತಿದರು.

"ಇದು ಯಾರಿಗೆ ಗೌಡ್ರೆ?"

"ಇಬ್ಬರಿಗೂ ಬೇಸರ ಆಗುದು ಬೇಡ ಅಂತ."

"ಇಬ್ಬರಿಗೂ ಸಿಗುದಿಲ್ಲ. ಇದು ದಂಡ."

ಪೂವಕ್ಕ ಮೂರು ಚಿತ್ರಗಳಿಗೂ ಒಂದೊಂದು ಒತ್ತಿ, "ಮೂವರಿಗೂ ಒಳ್ಳೆದಾಗಲಿ" ಎಂದರು. ಅದೂ ದಂಡ. ಆದಂ ಕುಂಞಿ ಹೊಟ್ಟೆ ಹಿಡಿದು ನಕ್ಕರು. ಆಮೇಲೆ ತಾವು ತೆಗೆದುಕೊಂಡು ಹಾರೆಯ ಮೇಲೆ ಒತ್ತಿದರು. ಮೀನು ಕಟ್ಟುವ ಅಭ್ಯಾಸದ ಕೈ, ಒದ್ದೆ ಕಾಗದವನ್ನು ಸುತ್ತಿ ಸುರುಳಿ ಮಾಡಿತು. ಬಿಚ್ಚಿ ನೋಡಿದರೆ ಮಸಿ ಮೂರೂ ಚಿತ್ರಗಳಿಗೆ ಹಿಡಿದಿತ್ತು. ಈಗ ನಗುವ ಸರದಿ ಗೌಡರದು. "ಶಾಯಿ ಆರಲಿ, ಮತ್ತೆ ಮೆಲ್ಲ ಮಡಚಿ" ಎಂದು ಕುಮುದಿನಿ ತಿದ್ದಿದರು. ಸೇವಂತಿ ಒಂದೇ ಬಾರಿಗೆ ಸರಿಯಾಗಿ ಒತ್ತಿ, ಆರಿಸಿ, ಮಡಚಿ ಕೊಟ್ಟಳು.

ಮರುದಿನ ಬೆಳಿಗ್ಗೆ ಕುಕ್ಕಪ್ಪ ಗೌಡರು ಬಿಳಿ ಶಾಲು ಹೊದ್ದು ಹೊರಟರು. ಮದುವೆಗೆ ಕರೆಯುವ ಕ್ರಮದಲ್ಲಿಯೇ ಹದಿನೆಂಟು ಮನೆಗಳ ಅಂಗಳದಲ್ಲಿ ನಿಂತು, ನಕಲಿನ ಪಟ್ಟಿಯನ್ನು ಓದಿಸಿ, ಹೆಂಗಸರು ಗಂಡಸರೆನ್ನದೆ ಒಬ್ಬೊಬ್ಬರ ಹೆಸರು ಹೇಳಿ ಹೇಳಿಕೆ ಕೊಟ್ಟರು. ಓದಿದವಳು ಸೇವಂತಿ. ಅವಳು ಐದನೆಯ ತರಗತಿ ಮುಗಿಸಿದವಳು ಎಂಬುದು ಆ ದಿನದವರೆಗೆ ಊರಲ್ಲಿ ಹಲವರಿಗೆ ಗೊತ್ತಿರಲಿಲ್ಲ.

ಎಪ್ಪತ್ತನಾಲ್ಕು ಎಂಬ ಸಂಖ್ಯೆ ಆದಂ ಕುಂಞಿಯವರ ಬುಟ್ಟಿಯ ಜೊತೆಗೇ ಬೆಳ್ಳಾರೆ ಮುಟ್ಟಿತು. ಮುಂದಿನ ಹತ್ತು ದಿನಗಳಲ್ಲಿ ಅಭ್ಯರ್ಥಿಗಳ ಕಡೆಯವರು ಒಬ್ಬೊಬ್ಬರಾಗಿ ಚಪ್ಪಲಿ ಕೈಯಲ್ಲಿ ಹಿಡಿದು ಸಂಕ ದಾಟಿ ಬಂದರು. ಸೇವಂತಿ ಎಲ್ಲರಲ್ಲಿಯೂ ಒಂದೇ ಪ್ರಶ್ನೆ ಕೇಳಿದಳು. "ಎಂಬತ್ತೊಂದು ದಿನ ನನ್ನ ಮಗಳು ಶಾಲೆಗೆ ಹೋಗಲಿಲ್ಲ. ನೀವು ಎಂತ ಮಾಡ್ತೀರಿ?" ಒಬ್ಬರು ನಾಳೆಯೇ ಸೇತುವೆ ಎಂದರು. ಒಬ್ಬರು ಮಾತು ಬದಲಿಸಿದರು. ಇನ್ನೊಬ್ಬರು ತೋಡಿನ ಅಗಲವನ್ನು ಹೆಜ್ಜೆಯಿಂದ ಅಳೆದು, ಸಮಯ ಹಿಡಿಯುತ್ತದೆ ಎಂದರು. ಅವಳು ಎಲ್ಲರ ಉತ್ತರಗಳನ್ನೂ ನೆನಪಿಟ್ಟುಕೊಂಡಳು.

ಮತದಾನದ ದಿನ ನೆಕ್ಕರೆಮೂಲೆಯಿಂದ ಅರವತ್ತೇಳು ಜನ ಮತಗಟ್ಟೆಗೆ ಹೋದರು. ಉಳಿದ ಏಳು ಮಂದಿಯಲ್ಲಿ ಅಚ್ಚುತನೂ ಸೇರಿದಂತೆ ನಾಲ್ವರು ಕೊಡಗಿನಲ್ಲಿದ್ದರು, ಒಬ್ಬಳು ಬಾಣಂತಿ, ಇಬ್ಬರು ಹಾಸಿಗೆ ಹಿಡಿದವರು. ಹೆಂಗಸರ ಸಾಲು ಬೇಗ ಸರಿಯಿತು. ಸೇವಂತಿ ಮಾವನಿಗಿಂತ ಮೊದಲೇ ಒಳಗೆ ಹೋದಳು. ಅಧಿಕಾರಿ ಅವಳ ಹೆಸರನ್ನು ಗಟ್ಟಿಯಾಗಿ ಓದಿ, ಬೆರಳಿಗೆ ಶಾಯಿ ಹಚ್ಚಿ, ಚೀಟಿ ಕೊಟ್ಟರು. ಪರದೆಯ ಹಿಂದೆ ಅವಳಲ್ಲದೆ ಬೇರೆ ಯಾರೂ ಇರಲಿಲ್ಲ. ಹತ್ತು ದಿನ ಕೇಳಿದ ಉತ್ತರಗಳನ್ನೆಲ್ಲ ಅವಳು ಮನಸ್ಸಿನಲ್ಲಿ ಒಮ್ಮೆ ತೂಗಿದಳು. ನಂತರ ಒತ್ತಿದಳು.

ಹಿಂದಿರುಗುವಾಗ ದಾರಿಯಲ್ಲಿ ಕುಕ್ಕಪ್ಪ ಗೌಡರಿಗೆ ತಡೆಯಲಾಗಲಿಲ್ಲ. ಹೆಂಡತಿಯನ್ನು ಕೇಳಿಯೇಬಿಟ್ಟರು. "ನೀನು ಯಾರಿಗೆ ಹಾಕಿದ್ದು?"

"ಮದುವೆಯಾಗಿ ಇಷ್ಟು ವರ್ಷದಲ್ಲಿ ನಿಮ್ಮನ್ನು ಕೇಳದೆ ಮಾಡಿದ ಕೆಲಸ ಇದೊಂದೇ" ಎಂದರು ಪೂವಕ್ಕ. "ಅದನ್ನೂ ನಿಮಗೆ ಹೇಳಬೇಕಾ?"

ಗಟ್ಟಿ ಸಂಕ ಆ ಮಳೆಗಾಲದೊಳಗೆ ಆಗಲಿಲ್ಲ. ಆ ವರ್ಷ ಜೂನ್‌ನಿಂದ ಅಜ್ಜನೇ ಮೊಮ್ಮಗಳನ್ನು ಸುತ್ತುದಾರಿಯಲ್ಲಿ ಶಾಲೆಗೆ ಬಿಟ್ಟು ಬಂದರು. ಸೇವಂತಿ ಗೆದ್ದ ಸದಸ್ಯರಿಗೆ ವರ್ಷಕ್ಕೆರಡು ಅರ್ಜಿ ಬರೆದಳು. ಸಹಿ, ಹೆಬ್ಬೆಟ್ಟು ಸೇರಿ ಎಪ್ಪತ್ತಕ್ಕೆ ಕಡಿಮೆ ಇರದಂತೆ ನೋಡಿಕೊಂಡಳು. ಮೊದಲ ವರ್ಷ ಓವರ್ಸೀಯರರು ಬಂದು ಅಳತೆ ಮಾಡಿದರು. ಮೂರನೆಯ ವರ್ಷ ಕಲ್ಲಿನ ಕಂಬದ ಸಂಕವಾಯಿತು. ಓಟೊಂದರಿಂದಲೇ ಆಯಿತೆಂದು ಹೇಳಿದರೆ ಅದು ಸರಿಯಾಗದು. ಆದರೆ ಹತ್ತೊಂಬತ್ತು ಎಂದು ಕೂಗಿ ಹೇಳಿದ ಊರಿನ ತೋಡನ್ನು ಅಳೆಯಲು ಅದುವರೆಗೆ ಯಾರೂ ಬಂದಿರಲಿಲ್ಲ ಎಂಬುದಂತೂ ನಿಜ.

ಓದುತ್ತಿರುವ ಅಕ್ಕ, ಅಣ್ಣ, ಈ ವಾರವೇ ಶ್ಯಾನುಭೋಗರಲ್ಲಿಗೆ ಹೋಗಿ ಪಟ್ಟಿ ನೋಡಿರಿ. ಇಪ್ಪತ್ತೊಂದು ವರ್ಷ ತುಂಬಿದ ಮನೆಯವರೆಲ್ಲರ ಹೆಸರೂ ಅದರಲ್ಲಿ ಇದೆಯೇ? ಇಲ್ಲದಿದ್ದರೆ ಈಗಲೇ ಅರ್ಜಿ ಕೊಡಿರಿ. ಮನೆ ಬಾಗಿಲಿಗೆ ಬಂದ ಅಭ್ಯರ್ಥಿಯನ್ನು ಉಪಚರಿಸಿರಿ, ನಿಮ್ಮ ಕಷ್ಟ ಹೇಳಿ ಉತ್ತರ ಕೇಳಿರಿ. ಮತದಾನದ ದಿನ ಅತ್ತೆ, ಸೊಸೆ, ಅಜ್ಜಿ, ಅಜ್ಜ ಎಲ್ಲರೂ ಹೊರಡಿರಿ. ಒಬ್ಬರ ಚಿತ್ರಕ್ಕೆ ಮಾತ್ರ ಒಂದು ಮೊಹರು ಒತ್ತಿ, ಶಾಯಿ ಆರಿದ ಮೇಲೆ ಮಡಚಿ ಪೆಟ್ಟಿಗೆಗೆ ಹಾಕಿರಿ. ಯಾರಿಗೆ ಹಾಕಿದಿರೆಂದು ಯಾರಿಗೂ ಹೇಳಬೇಕಾಗಿಲ್ಲ. ನಿಮ್ಮ ಹೆಸರನ್ನು ಅಲ್ಲಿ ಗಟ್ಟಿಯಾಗಿ ಓದುವಾಗ ಮುಂದೆ ಬರಬೇಕಾದವರು ನೀವೇ.