ಒತ್ತಿದ್ದು ಯಾರು

"ಇದೂ ಬೇಡಮ್ಮ, ಇದರಲ್ಲಿ ಅಪ್ಪ ಕಣ್ಣು ಮುಚ್ಚಿಬಿಟ್ಟಿದ್ದಾರೆ," ಎಂದು ಮಗಳು ಫೋನಿನಲ್ಲಿ ಮುಂದಿನ ಫೋಟೋಗೆ ಸರಿದಳು.

ಸ್ಟುಡಿಯೋದವನು ಹೊರಬಾಗಿಲಲ್ಲಿ ಕಾಯುತ್ತಿದ್ದ. ದೇಹ ಹೊರಡುವುದರೊಳಗೆ ಚೌಕಟ್ಟು ಹಾಕಿದ ದೊಡ್ಡ ಫೋಟೋ ಬರಲೇಬೇಕೆಂದು ಸತ್ತವನ ಅಕ್ಕ ಪಟ್ಟು ಹಿಡಿದಿದ್ದಳು. ಹೀಗಾಗಿ ಒಳಕೋಣೆಯ ಮಂಚದ ಅಂಚಿನಲ್ಲಿ ತಾಯಿ ಮಗಳು ಭುಜಕ್ಕೆ ಭುಜ ತಾಗಿಸಿ ಕೂತು, ಅವನ ಫೋನಿನಲ್ಲಿ ಅವನದೇ ಮುಖ ಹುಡುಕುತ್ತಿದ್ದರು. ಸಿಕ್ಕಿದ್ದೆಲ್ಲ ಬಸ್ಸಿನ ಟೈರುಗಳು. ಸೀಳಿದ ಟೈರು, ಹೊಟ್ಟೆ ಉಬ್ಬಿದ ಟೈರು, ಮೊಳೆ ನುಂಗಿದ ಟೈರು. ಡಿಪೋದಲ್ಲಿ ಟೈರು ಬಿಚ್ಚುತ್ತ ಹಾಕುತ್ತ ತಲೆ ಹಣ್ಣಾದವನು ಅವನು. ಹೆತ್ತವರಿಟ್ಟ ಹೆಸರು ಯಾರ ಬಾಯಲ್ಲೂ ಉಳಿಯದೆ, ಕಂಡವರಿಗೆಲ್ಲ ಟೈರಣ್ಣ ಆಗಿಹೋಗಿದ್ದ. ನಿನ್ನೆ ಡಿಪೋದಲ್ಲಿ ಊಟ ಮುಗಿಸಿ ಡಬ್ಬಿ ತೊಳೆಯುತ್ತಿದ್ದವನು, "ಯಾಕೋ ಎದೆ ಹಿಡಿದ ಹಾಗಿದೆ," ಎಂದು ಬೆಂಚಿನ ಮೇಲೆ ಕೂತ. ಮತ್ತೆ ಏಳಲಿಲ್ಲ.

"ದಿನಾ ನೋಡ್ತಿದ್ರಲ್ಲ, ಆ ಆ್ಯಪಲ್ಲಿ ಏನಾದ್ರೂ ಇರಬಹುದು, ನೋಡು," ಎಂದಳು ತಾಯಿ.

ಮಗಳು ತೆರೆದಳು. ಅಪ್ಪ ಉಳಿಸಿಟ್ಟುಕೊಂಡದ್ದೆಲ್ಲ ಒಂದೇ ಕಡೆ ಸಾಲಾಗಿ ಬಂತು. ಅವಳ ಹುಬ್ಬು ಗಂಟಿಕ್ಕಿತು.

"ಏನಮ್ಮ ಇದು? ಬರೀ ಕಾರ್ಪೆಟ್ ತೊಳೆಯೋದು?"

ಕೆಸರು ಮೆತ್ತಿದ ರತ್ನಗಂಬಳಿಗಳು. ಒಂದರ ಮೇಲೆ ನೊರೆ, ಒಂದರ ಮೇಲೆ ಉಜ್ಜುವ ಯಂತ್ರ, ಒಂದರಿಂದ ಇಳಿಯುತ್ತಿರುವ ಕಪ್ಪು ನೀರು. ಮಗಳು ಎಳೆದಷ್ಟೂ ಅದು ಮುಗಿಯಲಿಲ್ಲ.

"ಅವರಿಗೆ ಅದಂದ್ರೆ ಪ್ರಾಣ," ಎಂದಳು ತಾಯಿ. "ಸಂಜೆ ಆಯ್ತು ಅಂದ್ರೆ ಅದೇ. ಹಿಡಿಸಿದ್ದಕ್ಕೆಲ್ಲ ಮೂಲೆಯಲ್ಲಿರೋ ಗುರುತು ಒತ್ತಿ ಎತ್ತಿಡ್ತಿದ್ರು."

ಚಹಾ ತಂದುಕೊಡಲು ಒಳಗೆ ಬಂದಿದ್ದ ಡ್ರೈವರ್ ಅಲ್ಲೇ ನಿಂತ. ಡಿಪೋದಲ್ಲಿ ಟೈರಣ್ಣನ ಜೊತೆ ಒಂದೇ ಬೆಂಚಿನಲ್ಲಿ ಡಬ್ಬಿ ಬಿಚ್ಚುತ್ತಿದ್ದವನು ಅವನು. ನಿನ್ನೆ ಎತ್ತಿಕೊಂಡು ಆಸ್ಪತ್ರೆಗೆ ಓಡಿದವನೂ ಅವನೇ.

"ಯಾರಿಗೆ ಪ್ರಾಣ ಅತ್ತಿಗೆ? ಟೈರಣ್ಣನಿಗಾ?"

"ಮತ್ತೆ ಇನ್ಯಾರಿಗೆ?"

"ಅಯ್ಯೋ, ಅವನು ನನ್ನ ಹತ್ರ ದಿನಾ ಗೋಳು ತೋಡಿಕೊಳ್ತಿದ್ದ. ‘ಮನೆಗೆ ಹೋದ್ರೆ ಮತ್ತೆ ಆ ಕಾರ್ಪೆಟ್ಟು ಕಣೋ. ಏನ್ಮಾಡ್ಲಿ, ಅವಳಿಗೆ ಇಷ್ಟ’ ಅಂತಿದ್ದ."

"ನಂಗಾ?" ಆಕೆ ಮಂಚದಿಂದ ಎದ್ದೇಬಿಟ್ಟಳು. "ನಂಗೆ ಅದು ಕಂಡ್ರೆ ಮೈ ಉರಿಯುತ್ತೆ! ಹಗಲೆಲ್ಲ ಆಸ್ಪತ್ರೆ ಲಾಂಡ್ರೀಲಿ ಊರಿನವರ ಕೊಳೆ ತೊಳೆದು ಬಂದು, ಮನೇಲಿ ಕೂತು ಮತ್ತೆ ಕೊಳೆ ನೋಡ್ತೀನಾ?"

"ಹಾಗಾದ್ರೆ ಎದ್ದು ಹೋಗಬಹುದಿತ್ತಲ್ಲ ಅತ್ತಿಗೆ."

"ಅವರೊಬ್ಬರೇ ಕೂತಿರ್ತಾರಲ್ಲ ಅಂತ ಕೂತೆ!"

ದನಿ ಜೋರಾಯಿತು. ಹೊರಗೆ ಅಳುತ್ತಿದ್ದವರು ಯಾರೋ ಒಂದು ಕ್ಷಣ ಅಳು ನಿಲ್ಲಿಸಿ ಕಿವಿಗೊಟ್ಟರು. ಡ್ರೈವರ್ ಆಕೆಗೆ ತಂದಿದ್ದ ಚಹಾವನ್ನು ತಾನೇ ಕುಡಿದುಬಿಟ್ಟ.

*

ಫೋನು ಮಗಳು ಬಳಸಿ ಬಿಟ್ಟದ್ದು. ಅದು ಮನೆಗೆ ಬಂದ ಸಂಜೆ ಗಂಡಹೆಂಡಿರು ಅದನ್ನು ಹೊಸ ಮಗುವಿನ ಹಾಗೆ ಒಬ್ಬರ ಕೈಯಿಂದ ಒಬ್ಬರು ತೆಗೆದುಕೊಂಡು ನೋಡಿದ್ದರು. ಆಗ ಇಬ್ಬರಿಗೂ ಸೇರಿ ಇದ್ದದ್ದು ಒಂದೇ ಕನ್ನಡಕ. ಅದು ಯಾರ ಮೂಗಿನ ಮೇಲಿದೆಯೋ ಅವರು ಓದಬೇಕು, ಇನ್ನೊಬ್ಬರು ಕೇಳಬೇಕು.

ಆಕೆ ಬಕೆಟ್ಟಿನ ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಕೂತಿದ್ದಳು. ಅವನು ಪಕ್ಕದಲ್ಲಿ ತೋಳುದ್ದ ದೂರದಲ್ಲಿ ಫೋನು ಹಿಡಿದಿದ್ದ. ಏನೇನೋ ಬಂದು ಹೋದವು. ಯಾರೋ ಕುಣಿದರು, ಯಾರೋ ಗೋಡೆ ಹತ್ತಿದರು. ಆಮೇಲೆ ಒಂದು ರತ್ನಗಂಬಳಿ ಬಂತು.

"ಅಬ್ಬಬ್ಬಾ! ಎಷ್ಟು ಕೊಳೆ ನೋಡ್ರೀ!" ಎಂದಿದ್ದಳು ಆಕೆ. ಬಾಯಿಗೆ ಬಂದ ಮಾತು ಅಷ್ಟೆ. ಇಷ್ಟು ಕೊಳೆಗೆ ಬರೀ ಸೋಪು ಸಾಲದು, ಮೊದಲು ನೆನೆಹಾಕಬೇಕು ಎಂದು ಲಾಂಡ್ರಿಯಲ್ಲಿ ಪಳಗಿದ ತಲೆ ತನಗೆ ತಾನೇ ಲೆಕ್ಕ ಹಾಕಿತ್ತು. ಅವನು ಆಕೆಯ ಮುಖ ನೋಡಿದ. ಮೂಲೆಯ ಗುರುತು ಒತ್ತಿದ. ಓಹೋ, ಇವರಿಗೆ ಇದು ಹಿಡಿಸಿತು ಎಂದುಕೊಂಡಳು ಆಕೆ.

ಮಾರನೆಯ ದಿನ ಅಂಥವೇ ನಾಲ್ಕು ಬಂದವು. ವಾರ ಕಳೆಯುವಷ್ಟರಲ್ಲಿ ಕುಣಿಯುವವರೂ ಇಲ್ಲ, ಗೋಡೆ ಹತ್ತುವವರೂ ಇಲ್ಲ. ಕಂಬಳಿಯ ಮೇಲೆ ಕಂಬಳಿ. ಅವನು ಆಕಳಿಸುತ್ತ, "ಇದು ನೋಡೇ, ಹೋದ ಸಲದ್ದಕ್ಕಿಂತ ಕೊಳಕು," ಎನ್ನುತ್ತಿದ್ದ. ಆಕೆ ನಿದ್ದೆಗಣ್ಣಲ್ಲಿ, "ಹೌದು ಬಿಡಿ, ಭಾರೀ ಕೊಳಕು," ಎನ್ನುತ್ತಿದ್ದಳು. ಒಬ್ಬರ ಆಕಳಿಕೆ ದಣಿವಿನದು ಎಂದು ಇನ್ನೊಬ್ಬರು ತಿಳಿದರು.

ಇಷ್ಟರಲ್ಲಿ ಲಾಂಡ್ರಿಯ ಹೊಸ ಹುಡುಗಿಯೊಬ್ಬಳು, ಆ ಗುರುತು ಒತ್ತಿದಷ್ಟೂ ಅಂಥದ್ದೇ ಜಾಸ್ತಿ ಬರುತ್ತದೆ ಎಂದು ಹೇಳಿಕೊಟ್ಟಳು. ಗಂಡ ಸ್ನಾನಕ್ಕೆ ಹೋದಾಗ ಆಕೆ ಗುಟ್ಟಾಗಿ ಫೋನು ತೆಗೆದು, ಎಲ್ಲಕ್ಕಿಂತ ಹೊಲಸಾದ ಕಂಬಳಿಗಳನ್ನು ಆರಿಸಿ ಆರಿಸಿ ಒತ್ತತೊಡಗಿದಳು. ಪಾಪ, ದಿನವಿಡೀ ರಬ್ಬರಿನ ವಾಸನೆ ಕುಡಿದು ಬರುವ ಮನುಷ್ಯ. ಸಂಜೆ ಒಂದು ಗಳಿಗೆ ಸಂತೋಷವಾಗಿರಲಿ.

*

ವಿದ್ಯುತ್ ಚಿತಾಗಾರದಲ್ಲಿ ಇವರಿಗಿಂತ ಮೊದಲು ಬಂದವರು ಇನ್ನೂ ಇದ್ದರು. ಹೊರಗಿನ ಸಿಮೆಂಟು ಬೆಂಚಿನ ಮೇಲೆ ಕಾಯಬೇಕಾಯಿತು. ಫೋಟೋ ಕೊನೆಗೂ ಡಿಪೋದ ಗುರುತಿನ ಚೀಟಿಯಿಂದಲೇ ಆಗಿತ್ತು. ಅದರಲ್ಲಿ ಅವನು ಯಾರೋ ಬೈದ ಹಾಗೆ ನೋಡುತ್ತಿದ್ದ.

ಆಕೆ ಆ ಮುಖವನ್ನೇ ದಿಟ್ಟಿಸುತ್ತ ಕೂತಿದ್ದಳು. ಒಂದು ನೂಲು ಎಳೆದರೆ ಹೊಲಿಗೆಯೆಲ್ಲ ಬಿಚ್ಚಿಕೊಳ್ಳುತ್ತ ಹೋಗುವಂತೆ ತಲೆ ಎಲ್ಲೆಲ್ಲೋ ಓಡುತ್ತಿತ್ತು. ಪಕ್ಕದಲ್ಲಿದ್ದ ಗಂಡನ ಅಕ್ಕನ ಕಡೆ ತಿರುಗಿದಳು.

"ಅಕ್ಕ, ನಮ್ಮ ಮನೆ ಗೋಡೆಗೆ ಹಸಿರು ಬಣ್ಣ ಬೇಕು ಅಂದವರು ಯಾರು?"

"ಇದೇನು ಹೊತ್ತುಗೊತ್ತು ಇಲ್ಲದ ಮಾತು! ನೀನೇ ಅಲ್ವಾ? ‘ಅವಳಿಗೆ ಹಸಿರು ಬೇಕಂತೆ’ ಅಂತ ಅವನು ಊರೆಲ್ಲ ಅಲೆದು ತಂದ."

"ನಾನು ಹೇಳಿರಲಿಲ್ಲ ಅಕ್ಕ. ಅವರಿಗೆ ಇಷ್ಟ ಅಂತ ಸುಮ್ಮನಿದ್ದೆ."

ಅಕ್ಕ ಫೋಟೋದ ಕಡೆ ನೋಡಿದಳು. "ಅವನಿಗೆ ಚಿಕ್ಕಂದಿನಿಂದ ಹಸಿರು ಆಗ್ತಾನೇ ಇರ್ಲಿಲ್ಲ," ಎಂದಳು. ಹೇಳಿದ ಮೇಲೆ ಹೇಳಬಾರದಿತ್ತೇನೋ ಎಂಬಂತೆ ಆಕೆಯ ಬೆನ್ನು ಸವರಿದಳು. "ಈಗ್ಯಾಕೆ ಅದೆಲ್ಲ? ಬಿಡು."

ಬಿಡುವುದು ಹೇಗೆ? ಕಿಟಕಿ ತೆರೆದು ಮಲಗಿದ್ದು ಯಾರಿಗೋಸ್ಕರ, ಸಕ್ಕರೆಯಿಲ್ಲದ ಚಹಾ ಯಾರ ನಾಲಿಗೆಗೆ, ಪ್ರತಿ ಭಾನುವಾರ ಇಬ್ಬರೂ ಏದುಸಿರು ಬಿಡುತ್ತ ಗುಡ್ಡ ಹತ್ತಿದ್ದು ಯಾರ ಆಸೆಗೆ? ಕೇಳೋಣವೆಂದರೆ ಕೇಳಬೇಕಾದವನು ಅಲ್ಲಿ ಬಿಳಿ ಬಟ್ಟೆ ಹೊದ್ದು ಮಲಗಿದ್ದಾನೆ. ಆಕೆಗೆ ಸಿಟ್ಟು ಬಂತು. ಒಂದು ಮಾತು ಹೇಳಬಾರದಿತ್ತಾ? ಬಾಯಲ್ಲಿ ಏನು ಕಡುಬು ತುರುಕಿಕೊಂಡಿದ್ದರಾ? ಮರುಕ್ಷಣವೇ, ತನ್ನ ಬಾಯಲ್ಲಿ ಏನಿತ್ತು ಎಂಬುದೂ ನೆನಪಾಗಿ ಸಿಟ್ಟು ಎತ್ತ ಹೋಗುವುದೆಂದು ತಿಳಿಯದೆ ನಿಂತಿತು.

ಡ್ರೈವರನನ್ನು ಕೈಸನ್ನೆಯಲ್ಲಿ ಕರೆದಳು. "ಮತ್ತೆ ಅವರಿಗೆ ನಿಜವಾಗ್ಲೂ ಏನಿಷ್ಟ ಇತ್ತು? ನಿಮಗೆ ಗೊತ್ತಾ?"

ಅವನು ಅತ್ತಿತ್ತ ನೋಡಿ ತನ್ನ ಫೋನು ತೆಗೆದ. "ಊಟದ ಹೊತ್ತಲ್ಲಿ ನನ್ನ ಫೋನು ಕಿತ್ಕೊಂಡು ಇದನ್ನ ನೋಡ್ತಿದ್ದ. ಈಗ ನನ್ನದ್ರಲ್ಲಿ ಬರೀ ಇದೇ ಬರುತ್ತೆ."

ವಿಮಾನಗಳು ಇಳಿಯುತ್ತಿದ್ದವು. ಗಾಳಿಗೆ ಓಲಾಡುತ್ತ, ಮೂತಿ ಸೊಟ್ಟ ಮಾಡಿಕೊಂಡು, ಒಂದಾದ ಮೇಲೊಂದು.

"ಇದರಲ್ಲೇನಿದೆ?"

"ವಿಮಾನ ನೋಡಬೇಡಿ ಅತ್ತಿಗೆ. ಚಕ್ರ ನೋಡಿ. ನೆಲ ಮುಟ್ಟೋವಾಗ ಒಂಚೂರು ಹೊಗೆ ಬರುತ್ತಲ್ಲ? ‘ನೋಡೋ, ಸುಟ್ಟುಕೊಂಡ್ರೂ ಬಿಡಲ್ಲ, ಅಷ್ಟು ಜನರನ್ನ ಇಳಿಸುತ್ತೆ’ ಅಂತ ಪ್ರತಿ ಸಲ ಅಂತಿದ್ದ."

"ಟೈರೇ!" ಎಂದಳು ಆಕೆ. "ಕೊನೆಗೂ ಟೈರೇ!"

ನಗು ಒತ್ತರಿಸಿ ಬಂತು. ತಡೆಯಲು ಹೋದಷ್ಟೂ ಭುಜ ಕುಲುಕಿತು. ಕಾಯುತ್ತಿದ್ದವರು, ಪಾಪ ಎಷ್ಟು ಅಳುತ್ತಾಳೆ ಎಂದು ನಿಟ್ಟುಸಿರು ಬಿಟ್ಟರು. ಮಗಳು ಓಡಿಬಂದು ಅಪ್ಪಿಕೊಂಡು, ತಾಯಿ ನಗುತ್ತಿರುವುದನ್ನು ಕಂಡು ಬೆಚ್ಚಿದಳು. ಅಷ್ಟರಲ್ಲಿ ಅದು ಅಳುವೇ ಆಗಿತ್ತು. ಒಳಗಿನಿಂದ ಒಬ್ಬ ಕೆಲಸಗಾರ ಬಂದು, "ಮನೆಯವರು ಬನ್ನಿ," ಎಂದ.

*

ಬಿಸಿಲು ಇಳಿಯುವ ಹೊತ್ತಿಗೆ ಬಾಡಿಗೆ ಕುರ್ಚಿಗಳನ್ನು ಕೊಂಡೊಯ್ಯಲು ಬಂದಿದ್ದರು. ನೆಂಟರು ಒಬ್ಬೊಬ್ಬರಾಗಿ ಚಪ್ಪಲಿ ಹುಡುಕಿಕೊಂಡು ಹೊರಟರು. ಆಕೆ ಮಗಳ ಮುಂದೆ ಫೋನು ಹಿಡಿದಳು.

"ಇದರಲ್ಲಿ ಅವರು ಒತ್ತಿದ್ದು ಯಾವ್ದು, ನಾನು ಒತ್ತಿದ್ದು ಯಾವ್ದು, ಗೊತ್ತಾಗುತ್ತಾ?"

"ಇಲ್ಲಮ್ಮ. ಬೆರಳು ಯಾರದ್ದಾದ್ರೂ ಅದಕ್ಕೆ ಒಂದೇ."

"ಇಬ್ಬರಿಗೂ ಬೇಡದ್ದನ್ನ ಇಷ್ಟು ದಿನ ನೋಡಿದ್ವಲ್ಲೇ."

ಮಗಳು ಫೋನು ಕೈಗೆ ತೆಗೆದುಕೊಂಡಳು. "ಎತ್ತಿಟ್ಟಿದ್ದು ಹಾಗೇ ಇರ್ಲಿ. ಇನ್ಮೇಲೆ ಬರೋದನ್ನ ಬದಲಾಯಿಸಬಹುದು. ನಿಂಗೇನು ಇಷ್ಟ, ಹೇಳು?"

"ನಂಗಾ?"

"ಹೂಂ, ನಿಂಗೆ."

ಆಕೆ ಯೋಚಿಸಿದಳು. ಗಂಡನಿಗೆ ಏನಿಷ್ಟ ಎಂದು ಯಾರಾದರೂ ಕೇಳಿದ್ದರೆ ನಿನ್ನೆಯವರೆಗೆ ಥಟ್ಟನೆ ಹೇಳಿಬಿಡುತ್ತಿದ್ದಳು, ಅದೆಲ್ಲ ತಪ್ಪೇ ಆಗಿದ್ದರೂ. ಈ ಪ್ರಶ್ನೆಗೆ ತಪ್ಪು ಉತ್ತರವೂ ಹೊಳೆಯಲಿಲ್ಲ. ಮಗಳು ಯಾವುದೋ ಪುಟ ತೆರೆದು ಆಕೆಯ ಕೈಗಿತ್ತು, ಕುರ್ಚಿಯವನು ಕೂಗಿದ್ದರಿಂದ ಹೊರಗೆ ಹೋದಳು.

ಚಿಕ್ಕ ಚಿಕ್ಕ ಚೌಕಗಳು. ಅಡುಗೆ, ಪ್ರವಾಸ, ಹಾಡು, ಹೊಲಿಗೆ, ಬೆಕ್ಕು, ಕ್ರಿಕೆಟ್ಟು. ಕನಿಷ್ಠ ಮೂರನ್ನು ಆರಿಸಿ ಎಂದು ಮೇಲೆ ಬರೆದಿತ್ತು. ಅಡುಗೆ ಮುಟ್ಟಿದಳು, ಚೌಕ ನೀಲಿಯಾಯಿತು. ಇದು ಮಗಳಿಗೆ ಇಷ್ಟ ಎಂದು ಮತ್ತೆ ಮುಟ್ಟಿ ಅಳಿಸಿದಳು. ಹಾಡು ಮುಟ್ಟಿದಳು. ಅದು ತನ್ನ ಅಮ್ಮನ ಆಸೆಯಾಗಿತ್ತು, ಅದನ್ನೂ ಅಳಿಸಿದಳು. ಹೀಗೇ ಒಂದೊಂದಾಗಿ ಬೆಳಗಿಸುತ್ತ ನಂದಿಸುತ್ತ ಕೆಳಗೆ ಇಳಿದಳು.

ತಳದಲ್ಲಿ ಈಜು ಎಂದಿತ್ತು. ಹರೆಯದಿಂದಲೂ ಲಾಂಡ್ರಿಯಲ್ಲಿ ಮೊಣಕೈವರೆಗೆ ನೀರಿನಲ್ಲೇ ಇದ್ದವಳು. ನೀರಿಗೆ ಒಮ್ಮೆಯೂ ಇಳಿದವಳಲ್ಲ. ಬೆರಳು ತನ್ನಷ್ಟಕ್ಕೆ ಮುಟ್ಟಿತು. ಚೌಕ ನೀಲಿಯಾಯಿತು. ಕೈ ಹಿಂದಕ್ಕೆಳೆದುಕೊಂಡು, ಯಾರಾದರೂ ನೋಡಿದರೇನೋ ಎಂದು ಬಾಗಿಲ ಕಡೆ ತಿರುಗಿದಳು. ಯಾರೂ ಇರಲಿಲ್ಲ.

‘ಮುಂದೆ’ ಎಂಬ ಗುಂಡಿ ಇನ್ನೂ ಬೂದಿ ಬಣ್ಣದಲ್ಲೇ ಇತ್ತು. ಇನ್ನೂ ಎರಡು ಬೇಕು ಎನ್ನುತ್ತಿತ್ತು. ಆಕೆ ಕೂತಿದ್ದ ಕುರ್ಚಿಯನ್ನು ಕಿಟಕಿಯ ಬೆಳಕಿನತ್ತ ಎಳೆದುಕೊಂಡಳು.