ತಗಡಿನ ನೆರಳು

ಕಂಟೇನರಿನ ಬಾಗಿಲು ಮುಟ್ಟಿದರೆ ಅಂಗೈ ಸುಡುತ್ತಿತ್ತು. ಜುಲೈ ತಿಂಗಳು. ಕೊಲ್ಲಿಯ ಶುಐಬಾ ಬಂದರಿನ ಗೋದಾಮಿನ ಅಂಗಳದಲ್ಲಿ ನಾವು ಐದು ಮಂದಿ ಸಿರಿಯಾಕ್ಕೆ ಹೋಗುವ ಸಾಮಾನು ತುಂಬುತ್ತಿದ್ದೆವು. ಅಲ್ಲಿ ಯುದ್ಧ ನಿಂತಿತ್ತು. ಮುರಿದ ಮನೆಗಳಿಗೆ ಮರಳಿದವರಿಗೆ ಕಂಬಳಿ, ಸಾಬೂನು, ಓಆರ್‌ಎಸ್ ಪುಡಿ.

ಬೇಸಿಗೆಯಲ್ಲಿ ಹನ್ನೊಂದರಿಂದ ನಾಲ್ಕರವರೆಗೆ ಬಿಸಿಲಲ್ಲಿ ದುಡಿಸಬಾರದು ಎಂದು ಇಲ್ಲಿ ಕಾನೂನಿದೆ. ನಮ್ಮ ಕಂಪನಿ ಕಾನೂನು ಮುರಿಯುವುದಿಲ್ಲ. ಹನ್ನೊಂದಕ್ಕೆ ಸರಿಯಾಗಿ ಅಂಗಳದಿಂದ ಎಬ್ಬಿಸಿ ಕಂಟೇನರಿನೊಳಗೆ ಪೇರಿಸಲು ಕಳಿಸುತ್ತದೆ. ಮೇಲೆ ತಗಡಿದೆ, ಹಾಗಾಗಿ ಅದು ನೆರಳು. ಉಡುಪಿ ಕಡೆಯ ಸೂಪರ್‌ವೈಸರ್ ಯೂಜಿನ್ ಇದನ್ನು ಹೇಳುವಾಗ ನಮ್ಮ ಮುಖ ನೋಡುತ್ತಿರಲಿಲ್ಲ.

ನಮ್ಮಲ್ಲಿ ಹಿರಿಯರು ಕುಷ್ಟಗಿಯ ಚನ್ನಬಸಯ್ಯನವರು. ಊಟಕ್ಕೆ ಮುಂಚೆ ಎಲ್ಲಿದ್ದರೂ ಕೂತು, ಕೊರಳ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಕಣ್ಣು ಮುಚ್ಚುವರು. ಆಗ ಯಾರೂ ಮಾತಾಡಿಸುವಂತಿಲ್ಲ. ಮಂಗಳೂರಿನ ಹಸೈನಾರ್ ಕೂಡ ಹೆಜ್ಜೆ ಸಪ್ಪಳ ಮಾಡುತ್ತಿರಲಿಲ್ಲ.

"ಶಿವನ ಹತ್ರ ನಿಂದೂ ಒಂದು ಅರ್ಜಿ ಹಾಕ್ಲೇನಪಾ?" ಎಂದು ಅವರು ಒಮ್ಮೆ ಅವನನ್ನು ಕೇಳಿದ್ದರು.

"ನಂದು ವೀಸಾ ಕೊಟ್ಟ ಧಣಿ, ಆ ಕಫೀಲನ ಹತ್ರ ಉಂಟು ಅಯ್ಯನವರೇ. ಮೂರು ವರ್ಷ ಆಯ್ತು, ಅವನೂ ಕಣ್ಣು ಬಿಡ್ಲಿಲ್ಲ."

ಆ ದಿನ ಅಯ್ಯನವರಿಗೆ ಬೆವರುವುದೇ ನಿಂತಿತ್ತು. ನೀರಿನ ಡ್ರಮ್ಮು ದೂರ, ಗೇಟಿನ ಹತ್ತಿರ. ಸಂಜೆಗೆ ಹಡಗು, ಆಚೆ ಹೋದರೆ ಬೈಗುಳ.

"ತಲಿ ಗಿಮ್ ಅನ್ನಾಕತ್ತೈತಿ ತಮ್ಮಾ."

ಕೂಡ್ರಿ ಎಂದೆ. ಮೂಲೆಯಲ್ಲಿ ಪೆಟ್ಟಿಗೆಗೆ ಒರಗಿದರು. ತಿರುಗಿ ನೋಡಿದಾಗ ಕಣ್ಣು ಮುಚ್ಚಿತ್ತು. ಎಡಗೈ ತೊಡೆಯ ಮೇಲೆ, ನೆರಳಲ್ಲಿ. ಪೂಜೆಗೆ ಕೂತಿದ್ದಾರೆ ಎಂದುಕೊಂಡೆ. ಸದ್ದು ಮಾಡಬೇಡ ಎಂದು ಹಸೈನಾರನಿಗೆ ಬೆರಳು ತೋರಿಸಿದೆ. ಪೆಟ್ಟಿಗೆಗಳನ್ನು ಮೆತ್ತಗೆ ಇಡತೊಡಗಿದೆವು.

ಅರ್ಧ ಗಂಟೆಯಾದರೂ ಏಳಲಿಲ್ಲ. ಹತ್ತಿರ ಹೋದೆ. ಅಂಗೈ ಬರಿದಾಗಿತ್ತು. ಲಿಂಗ ಕೊರಳ ವಸ್ತ್ರದಲ್ಲೇ ಇತ್ತು.

ಮೈ ಕೆಂಡ. ಉಸಿರು ಇನ್ನೂ ಇತ್ತು. ಅವರು ಒರಗಿದ್ದ ಪೆಟ್ಟಿಗೆ ಓಆರ್‌ಎಸ್‌ನದು. ಟೇಪಿಗೆ ಕೈ ಹಾಕಿದೆ. ಯೂಜಿನ್ ಬಂದು ಕೈ ಹಿಡಿದ.

"ಅದು ಸೀಲ್ ಆದದ್ದು ಮಾರಾಯ. ಪಾಪದವರ ಸಾಮಾನು."

"ಇವರು ಯಾರ್ ಮತ್ತ?"

ಕೈ ಬಿಟ್ಟ. ಆಂಬುಲೆನ್ಸ್ ಕರೆಯಲೇ ಎಂದು ಕಚೇರಿಯನ್ನು ಕೇಳಲು ಫೋನು ಹಿಡಿದು ಆಚೆ ಹೋದ. ಹಸೈನಾರ್ ನೀರಿಗೆ ಓಡಿದ. ಪುಡಿ ಕಲೆಸಿ ತುಟಿಗೆ ಹಿಡಿದೆ. ಕಟಬಾಯಿಯಿಂದ ಇಳಿದು ಅಂಗಿ ತೊಯ್ದಿತು. ಆಂಬುಲೆನ್ಸ್ ಬರುವಷ್ಟರಲ್ಲಿ ಖಲಾಸ್.

ಮೂರನೆಯ ದಿನ ಕಚೇರಿಯಲ್ಲಿ ಕಾಗದ ಇಟ್ಟರು. ಚನ್ನಬಸಯ್ಯ ಪೂಜೆ ಮಾಡುತ್ತಾ ಹೃದಯ ನಿಂತು ತೀರಿಕೊಂಡರು, ಆ ಹೊತ್ತು ಅವರು ಕೆಲಸದಲ್ಲಿರಲಿಲ್ಲ ಎಂದು ಅದರಲ್ಲಿತ್ತು. ಹಾಗಾದರೆ ಊರಲ್ಲಿರುವ ಅವರ ಹೆಂಡತಿ ಅನ್ನಪೂರ್ಣೆವ್ವನಿಗೆ ಕಂಪನಿ ಏನೂ ಕೊಡಬೇಕಾಗಿಲ್ಲ. ಪೂಜೆಗೆ ಕೂತಿದ್ದಾರೆ ಅಂದುಕೊಂಡಿದ್ದೆ ಎಂದು ಆಂಬುಲೆನ್ಸಿನವರ ಮುಂದೆ ಅತ್ತವನು ನಾನೇ. ಅದನ್ನೇ ಹಿಡಿದುಕೊಂಡಿದ್ದರು.

ಹಸೈನಾರ್ ಸಹಿ ಹಾಕಿದ. ಉಳಿದಿಬ್ಬರೂ ಹಾಕಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಎಲ್ಲರ ಪಾಸ್‌ಪೋರ್ಟೂ ಆ ಮೇಜಿನ ಖಾನೆಯಲ್ಲಿತ್ತು. ನಾನು ಪೆನ್ನು ಮುಟ್ಟಲಿಲ್ಲ.

"ಲಿಂಗ ಕೈಯಾಗ ಇರ್ಲಿಲ್ರಿ. ಅಷ್ಟು ಬರೀರಿ, ಸಹಿ ಹಾಕ್ತೀನಿ."

ಬರೆಯಲಿಲ್ಲ. ಬರೆದದ್ದು ನನ್ನ ಮೇಲೆ ದೂರು: ನಿರಾಶ್ರಿತರ ಸಾಮಾನು ಕದ್ದವನು.

ಹೊರಗೆ ಬಂದಾಗ ಹನ್ನೊಂದಾಗಿತ್ತು. ಹೊಸ ಕಂಟೇನರ್ ಬಾಯಿ ತೆರೆದು ನಿಂತಿತ್ತು; ಯೂಜಿನ್ ಎಲ್ಲರನ್ನೂ ನೆರಳಿಗೆ ಕಳಿಸುತ್ತಿದ್ದ. ನಾನು ಹರಿದ ಪೆಟ್ಟಿಗೆಗೆ ಹೊಸ ಟೇಪು ಬಿದ್ದಿತ್ತು. ಹಸೈನಾರ್ ಅದನ್ನು ಎತ್ತಿಕೊಂಡು, ಒಳಗೆ ಯಾರೋ ಪೂಜೆಗೆ ಕೂತಿದ್ದಾರೆ ಎನ್ನುವ ಹಾಗೆ, ಸಪ್ಪಳವಾಗದಂತೆ ಇಟ್ಟ.