ಬಾಗಿಲು ಆರ್ಡರಿನಲ್ಲಿಲ್ಲ

ಕಬ್ಬಿಣದ ಮೂರನೆಯ ಕಂಬವನ್ನು ನೆಟ್ಟಗೆ ನಿಲ್ಲಿಸಿ ಬೆಸುಗೆ ಹಾಕಲು ಬಗ್ಗಿದಾಗ ವೆಲ್ಡರನಿಗೆ ಗಲ್ಲಿಯೊಳಗಿಂದ ತನ್ನ ಹೆಂಡತಿಯ ದನಿ ಕೇಳಿಸಿತು. "ರೀ, ಏನ್ ಮಾಡ್ತಿದ್ದೀರಿ ನೀವು?"

ಅವನು ತಲೆಯೆತ್ತಲಿಲ್ಲ. ಏನು ಮಾಡುತ್ತಿದ್ದೇನೆಂದು ಅವನಿಗೂ ತಿಳಿದು ಅರ್ಧ ಗಂಟೆಯಾಗಿತ್ತಷ್ಟೆ. ಬೆಳಿಗ್ಗೆ ಗುತ್ತಿಗೆದಾರ ಫೋನ್ ಮಾಡಿ, "ವಾರ್ಡ್ ಆಫೀಸಿನ ಕೆಲಸ, ಪಾಸ್ ಇದೆ, ಬಂದ್ಬಿಡು" ಎಂದಿದ್ದ. ಲಾಕ್‌ಡೌನ್ ಶುರುವಾಗಿ ಮೂವತ್ತೆಂಟು ದಿನ ಕೈ ಕಟ್ಟಿ ಕೂತವನಿಗೆ ಯಾವ ಕೆಲಸ, ಎಲ್ಲಿ ಎಂದು ಕೇಳುವ ವ್ಯವಧಾನ ಇರಲಿಲ್ಲ. ಗುತ್ತಿಗೆದಾರನ ಶೆಡ್ಡಿಗೆ ನಡೆದುಹೋಗಿ ತಗಡಿನ ಶೀಟು, ಕಬ್ಬಿಣದ ಪಟ್ಟಿ, ಜನರೇಟರುಗಳನ್ನು ಲಾರಿಗೆ ಏರಿಸಿ ಹಿಂದೆ ಕೂತಿದ್ದ. ಲಾರಿ ಮುಚ್ಚಿದ ಸಿನಿಮಾ ಥಿಯೇಟರನ್ನು ದಾಟಿ ಪೆಟ್ರೋಲ್ ಬಂಕಿನ ಹತ್ತಿರ ಎಡಕ್ಕೆ ತಿರುಗಿದಾಗ, ನಮ್ಮ ಕಡೆಗೇ ಹೋಗ್ತಿದೆಯಲ್ಲ ಎಂದುಕೊಂಡ. ಇನ್ನೂ ಮುಂದಕ್ಕೆ ಹೋಗುತ್ತದೆ ಎಂದುಕೊಂಡ. ಹೋಗಲಿಲ್ಲ. ಅವನ ಗಲ್ಲಿಯ ಬಾಯಿಗೇ ಬಂದು ನಿಂತಿತು.

ನಲವತ್ತೆರಡು ಮನೆಗಳ ಗಲ್ಲಿ ಅದು. ಹೋಗಿ ಬರಲು ಇರುವುದು ಒಂದೇ ದಾರಿ. ಇನ್ನೊಂದು ತುದಿಯಲ್ಲಿ ಅಪಾರ್ಟ್‌ಮೆಂಟಿನ ಕಾಂಪೌಂಡ್ ಗೋಡೆ. ಆ ಹನ್ನೆರಡು ಮಹಡಿಯ ಕಟ್ಟಡದ ಗೇಟು ಇದೇ ರಸ್ತೆಗೆ, ಗಲ್ಲಿಯ ಬಾಯಿಂದ ಇಪ್ಪತ್ತು ಹೆಜ್ಜೆ ಆಚೆಗೆ. ಕಾಯಿಲೆ ಬಂದಿದ್ದು ಅಲ್ಲಿಗೆ. ನಾಲ್ಕನೆಯ ಮಹಡಿಯವರೊಬ್ಬರು ವಿಮಾನದಲ್ಲಿ ಎಲ್ಲಿಂದಲೋ ತಂದಿದ್ದರು. ಗಲ್ಲಿಯ ಏಳು ಹೆಂಗಸರು ಆ ಕಟ್ಟಡದಲ್ಲಿ ಪಾತ್ರೆ ತೊಳೆಯುತ್ತಾರೆ, ಅಡುಗೆ ಮಾಡುತ್ತಾರೆ. ವೆಲ್ಡರನ ಹೆಂಡತಿ ಅವರಲ್ಲೊಬ್ಬಳು.

ವಾರ್ಡಿನ ಅಧಿಕಾರಿ ಜೀಪಿನ ಬಾನೆಟ್ಟಿನ ಮೇಲೆ ನಕ್ಷೆ ಹರಡಿಕೊಂಡು ನಿಂತಿದ್ದ. ಕೆಂಪು ಪೆನ್ಸಿಲಿನ ಗೆರೆ ಗಲ್ಲಿಯನ್ನು ಸುತ್ತಿ, ಕಾಂಪೌಂಡ್ ಗೋಡೆಯವರೆಗೆ ಬಂದು, ಅಲ್ಲಿಂದ ಮರ್ಯಾದೆಯಾಗಿ ಹಿಂದಕ್ಕೆ ತಿರುಗಿತ್ತು.

"ಸಾರ್, ಕಾಯಿಲೆ ಇರೋದು ಆ ಕಡೆ. ತಗಡು ಈ ಕಡೆಗಾ?" ಎಂದು ವೆಲ್ಡರ್ ಕೇಳಿದ.

"ಅಲ್ಲಿ ಒಂದೊಂದು ಮನೆಗೂ ಬೇರೆ ಬಾಗಿಲು, ಬೇರೆ ಬಚ್ಚಲು. ಅವರ ಬಾಗಿಲಿಗೆ ಚೀಟಿ ಅಂಟಿಸಿದ್ದೀವಿ, ಸಾಕು. ಈ ಗಲ್ಲೀಲಿ ಹಂಗಾ? ಒಬ್ಬ ಸೀನಿದ್ರೆ ನಲವತ್ತೆರಡು ಮನೆಗೂ ಹಂಚಿಕೆ ಆಗುತ್ತೆ."

"ಒಂದು ಬಾಗಿಲಾದ್ರೂ ಬಿಡ್ಬೇಕಲ್ವಾ ಸಾರ್? ಯಾರಿಗಾದ್ರೂ ಹುಷಾರು ತಪ್ಪಿದ್ರೆ?"

ಅಧಿಕಾರಿ ಕೈಯಲ್ಲಿದ್ದ ಹಾಳೆಯನ್ನು ಮುಂದೆ ಹಿಂದೆ ತಿರುವಿ ನೋಡಿದ. "ಬಾಗಿಲು ಆರ್ಡರಿನಲ್ಲಿಲ್ಲ" ಎಂದ.

ಅಲ್ಲಿಯೇ ಹೇಳಿಬಿಡಬೇಕಿತ್ತು, ನಮ್ಮಮ್ಮನಿಗೆ ಕಿಡ್ನಿ ಕೆಟ್ಟಿದೆ, ವಾರಕ್ಕೆರಡು ಸಲ ಆಸ್ಪತ್ರೆಗೆ ಹೋಗಿ ರಕ್ತ ಶುದ್ಧಿ ಮಾಡಿಸಿಕೊಳ್ಳದಿದ್ದರೆ ಆಗುವುದಿಲ್ಲ ಎಂದು. ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಅಷ್ಟರಲ್ಲಿ ಗುತ್ತಿಗೆದಾರ ಹಿಂದಿನಿಂದ ಅವನ ಮೊಣಕೈ ಒತ್ತಿದ. ಇನ್ನೂ ಆರು ಗಲ್ಲಿಗಳ ಕೆಲಸವಿದೆ, ಬಾಯಿ ಮುಚ್ಚಿಕೊಂಡಿರು ಎಂಬಂತೆ. ವೆಲ್ಡರ್ ಮಾತು ನುಂಗಿಕೊಂಡು ರಾಡು ಕೈಗೆತ್ತಿಕೊಂಡ.

ಕಂಬಕ್ಕೆ ಪಟ್ಟಿ, ಪಟ್ಟಿಗೆ ತಗಡು. ಎಂಟಡಿ ಎತ್ತರ. ಬೋಲ್ಟು ಬಿಗಿದರೆ ಸಾಲದು, ಒಳಗಿನವರು ಬಿಚ್ಚಿಬಿಡುತ್ತಾರೆ, ನಟ್ಟಿನ ಮೇಲೂ ಒಂದೊಂದು ಚುಕ್ಕೆ ಬೆಸುಗೆ ಹಾಕು ಎಂದ ಅಧಿಕಾರಿ. ಕೊನೆಯ ಶೀಟಿನ ಹೊತ್ತಿಗೆ ಅವನಿಗೇನೋ ಅನುಮಾನ ಬಂತು.

"ಆಗಿಂದ ಅವಳ್ಯಾರೋ ನಿನ್ನ ಕರೀತಿದ್ದಾಳಲ್ಲ? ಎಲ್ಲಿ ನಿನ್ನ ಮನೆ?"

"ಇಲ್ಲೇ ಸಾರ್. ಹನ್ನೊಂದನೇ ಮನೆ."

"ಅಯ್ಯೋ ಮಾರಾಯ, ಮೊದಲೇ ಹೇಳೋದಲ್ವಾ! ಹಂಗಾದ್ರೆ ಒಳಗೆ ನಿಂತ್ಕೊಂಡು ಬೆಸುಗೆ ಹಾಕು."

ಗುತ್ತಿಗೆದಾರ ನೆಲ ನೋಡಿದ. ವೆಲ್ಡರ್ ಒಳಗೆ ಹೋದ. ಹೊರಗಿನವರು ತಗಡನ್ನು ಒತ್ತಿ ಹಿಡಿದರು. ಅವನು ಒಳಗಿನಿಂದ ಒಂದೊಂದೇ ನಟ್ಟನ್ನು ಸುಟ್ಟು ಮುಚ್ಚಿದ. ಮುಗಿದ ಮೇಲೆ ಕನ್ನಡಕ, ಹಿಡಿಕೆ, ಕೈಗವಸುಗಳನ್ನು ತಗಡಿನ ಕೆಳಗಿನ ಸಂದಿನಿಂದ ಆಚೆಗೆ ತಳ್ಳಿದ. ಯಾರೋ ಕೇಬಲ್ಲನ್ನು ಎಳೆದುಕೊಂಡರು. ಅದು ಹಾವಿನ ಬಾಲದ ಹಾಗೆ ಸಂದಿನಲ್ಲಿ ನುಸುಳಿ ಹೋಯಿತು. ಜನರೇಟರ್ ನಿಂತಿತು, ಲಾರಿ ಹೊರಟಿತು.

ತಿರುಗಿದರೆ ಅರ್ಧ ಗಲ್ಲಿಯೇ ನಿಂತಿತ್ತು. ಮೊದಲನೆಯ ಮನೆಯಲ್ಲಿ ಬಟ್ಟೆ ಇಸ್ತ್ರಿ ಮಾಡುವ ಅಜ್ಜ ಬಾಯಲ್ಲಿದ್ದ ಎಲೆಯಡಿಕೆಯನ್ನು ಉಗಿದು, "ಭೇಷ್ ಕಣಪ್ಪ. ಇಲಿ ತಾನೇ ಬೋನು ಕಟ್ಕೊಂಡು ತಾನೇ ಒಳಗೆ ಬಂದು ಕೂತಿದ್ದನ್ನ ಇವತ್ತೇ ನೋಡಿದ್ದು" ಎಂದ. ಯಾರೂ ನಗಲಿಲ್ಲ. "ಮನೆಹಾಳ" ಎಂದಿತು ಹಿಂದಿನಿಂದ ಒಂದು ಹೆಣ್ಣುದನಿ.

ಮನೆಗೆ ಹೋದ ಮೇಲೆ ಹೆಂಡತಿ ಒಂದೇ ಮಾತು ಕೇಳಿದಳು. "ಅಮ್ಮನ ವಿಷಯ ಹೇಳಿದ್ರಾ?"

"ಹೇಳ್ದೆ. ಪಾಸ್ ಕೊಡ್ತಾರಂತೆ."

ಅವಳು ಅವನನ್ನೇ ನೋಡಿ, ತಟ್ಟೆ ಇಡಲು ಒಳಗೆ ಹೋದಳು.

ಅವತ್ತು ಬುಧವಾರ. ಹಿಂದಿನ ದಿನವಷ್ಟೇ ಅಮ್ಮ ಆಸ್ಪತ್ರೆಗೆ ಹೋಗಿ ಬಂದಿದ್ದರಿಂದ ಶುಕ್ರವಾರದವರೆಗೆ ಚಿಂತೆಯಿರಲಿಲ್ಲ. ಗುರುವಾರ ಬೆಳಿಗ್ಗೆ ಸಹಾಯವಾಣಿಯ ನಂಬರಿಗಾಗಿ ಹುಡುಕಿದರು. ಅದನ್ನು ಅಚ್ಚು ಹಾಕಿಸಿ ತಗಡಿಗೇ ಅಂಟಿಸಿದ್ದರು, ಹೊರಮೈಗೆ. ಕಾವಲಿಗಿದ್ದ ಪೇದೆ ಒಂದೊಂದೇ ಅಂಕಿಯನ್ನು ಗಟ್ಟಿಯಾಗಿ ಓದಿ ಹೇಳಿದ. ಒಳಗೆ ನಿಂತವರು ಬರೆದುಕೊಂಡರು. ಆ ನಂಬರಿಗೆ ಹಚ್ಚಿದರೆ ಒಬ್ಬ ಹೆಂಗಸು ಸಿಹಿಯಾಗಿ, "ಮನೆಯಲ್ಲೇ ಇರಿ, ಸುರಕ್ಷಿತವಾಗಿರಿ" ಎನ್ನುತ್ತಿದ್ದಳು. ಎಷ್ಟು ಸಲ ಹಚ್ಚಿದರೂ ಅವಳೇ. "ಇದ್ದೀವಿ ತಾಯಿ, ಇನ್ನೆಲ್ಲಿಗೆ ಹೋಗೋಣ" ಎಂದು ಇಸ್ತ್ರಿ ಅಜ್ಜ ಫೋನಿಗೇ ಉತ್ತರ ಕೊಟ್ಟ.

ಶುಕ್ರವಾರ ಹನ್ನೊಂದು ಗಂಟೆಗೆ ನಿಜವಾದ ಮನುಷ್ಯನೊಬ್ಬ ಸಿಕ್ಕಿದ. ಪಾಸ್ ಬೇಕಾದರೆ ಅರ್ಜಿ ಕೊಡಬೇಕು, ಅರ್ಜಿಯನ್ನು ವಾರ್ಡ್ ಆಫೀಸಿಗೆ ಖುದ್ದಾಗಿ ತರಬೇಕು ಎಂದ.

"ಆಚೆ ಬರೋಕೆ ಪಾಸ್ ಬೇಕು ಅಂತೀರಿ, ಪಾಸಿಗೆ ಆಚೆ ಬರಬೇಕು ಅಂತೀರಿ. ನಾನೇನ್ ಮಾಡ್ಲಿ ಸಾರ್, ಹಾರಿ ಬರ್ಲಾ?"

"ಹಂಗೆಲ್ಲ ಮಾತಾಡಿದ್ರೆ ಲೈನ್ ಕಟ್ ಮಾಡ್ತೀನಿ" ಎಂದ ಅವನು, ಮಾಡಿಯೂ ಬಿಟ್ಟ.

ಡಯಾಲಿಸಿಸ್ಸಿನ ಹೊತ್ತು ಹಾಗೇ ಕಳೆದುಹೋಯಿತು. ಸಂಜೆ ವೆಲ್ಡರ್ ಗಲ್ಲಿಯ ಕೊನೆಯಲ್ಲಿ, ಕಾಂಪೌಂಡ್ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದ. ಗೋಡೆಯಾಚೆ ಯಾರೋ ಶಟಲ್ ಆಡುತ್ತಿದ್ದರು. ಟಪ್, ಟಪ್ ಎಂಬ ಸದ್ದು, ನಡುನಡುವೆ ನಗು. ಬಿಳಿ ಕಾಕ್ ಒಂದು ಗೋಡೆ ಹಾರಿ ಅವನ ಕಾಲ ಬಳಿ ಬಿತ್ತು. ಬಗ್ಗಿ ಎತ್ತಿಕೊಂಡು ತಿರುಗಿದರೆ, ಎರಡನೆಯ ಮಹಡಿಯ ಬಾಲ್ಕನಿಯಿಂದ ಗಂಡಸೊಬ್ಬ ಎರಡೂ ಕೈ ಬೀಸುತ್ತ ಕೂಗಿದ. "ಬೇಡ, ಬೇಡ! ಎಸೀಬೇಡಿ! ಮುಟ್ಟಿದ್ದೀರಲ್ಲ, ಅಲ್ಲೇ ಇಟ್ಕೊಳ್ಳಿ." ಗೋಡೆಯಾಚೆ ಹೊಸ ಕಾಕ್ ಬಂತು. ಟಪ್, ಟಪ್ ಮತ್ತೆ ಶುರುವಾಯಿತು. ಅದೇ ಹೊತ್ತಿಗೆ ಮನೆಯಲ್ಲಿ ಹೆಂಡತಿಗೆ ಫೋನು ಬಂದಿತ್ತು; ಅವಳು ಕೆಲಸಕ್ಕೆ ಹೋಗುವ ಆರನೆಯ ಮಹಡಿಯ ಮೇಡಂ. ಪಾತ್ರೆ ತಿಕ್ಕಿ ತಿಕ್ಕಿ ಕೈಯೆಲ್ಲ ಒರಟಾಗಿದೆ, ನಿಮ್ಮನ್ನೆಲ್ಲ ಯಾವಾಗ ಬಿಡ್ತಾರಂತೆ ಎಂದು ಕೇಳುತ್ತಿದ್ದಳು.

ಶನಿವಾರಕ್ಕೆ ಅಮ್ಮನ ಕಾಲುಗಳು ಊದಿದವು. ಕಣ್ಣಿನ ಕೆಳಗೆ ನೀರು ತುಂಬಿಕೊಂಡಿತು. "ನೋಡೋ ಮಗಾ, ಆನೆ ಕಾಲು. ಗಲ್ಲಿ ಮಕ್ಕಳನ್ನ ಕೂರಿಸ್ಕೊಂಡು ಸವಾರಿ ಮಾಡಿಸ್ಬಹುದು" ಎಂದಳು. ಸೊಸೆ ಕಾಲು ಒತ್ತಿದಲ್ಲಿ ಬೆರಳಿನ ಗುಳಿ ಹಾಗೇ ಉಳಿಯಿತು. ಭಾನುವಾರ ಬೆಳಿಗ್ಗೆ ಅಮ್ಮನಿಗೆ ಹಾಸ್ಯ ಮಾಡುವಷ್ಟು ಉಸಿರಿರಲಿಲ್ಲ. ಮಲಗಿದರೆ ಎದೆ ಕಟ್ಟುತ್ತದೆಂದು ಗೋಡೆಗೆ ಒರಗಿಸಿ ಕೂರಿಸಿದ್ದರು. ಒಂದು ಮಾತಾಡಲು ಮೂರು ಉಸಿರು ಬೇಕಾಗಿತ್ತು.

ವೆಲ್ಡರ್ ತಗಡಿನ ಹತ್ತಿರ ಹೋದ. ಎರಡು ಶೀಟು ಕೂಡುವಲ್ಲಿ ಒಂದು ಬೆರಳಗಲದ ಸಂದಿತ್ತು. ಪೇದೆಯನ್ನು ಕರೆಯೋಣವೆಂದು ಬಗ್ಗಿದವನಿಗೆ ಅಪಾರ್ಟ್‌ಮೆಂಟಿನ ಗೇಟು ಕಾಣಿಸಿತು. ಗಾಜಿಗೆ ಪಾಸ್ ಅಂಟಿಸಿದ್ದ ಕಾರೊಂದು ಹೊರಬಂತು. ಹಿಂದಿನ ಸೀಟಿನಲ್ಲಿ ಒಂದು ದೊಡ್ಡ ನಾಯಿ, ಒಂದು ಕಾಲಿಗೆ ಬಿಳಿ ಬ್ಯಾಂಡೇಜು. ಪೇದೆ ಗಾಜಿನೊಳಗೆ ಇಣುಕಿ, "ಡಾಕ್ಟ್ರ ಹತ್ರಾನಾ ಸಾರ್?" ಎಂದು ಕೇಳಿ, ತಡೆಗೋಲನ್ನು ಮೇಲಕ್ಕೆತ್ತಿದ. ಪಕ್ಕದ ಸಂದಿನಲ್ಲಿ ಇಣುಕುತ್ತಿದ್ದ ಹೆಂಗಸರಿಬ್ಬರೂ ಅದನ್ನು ನೋಡಿದರು.

ವೆಲ್ಡರ್ ಏನನ್ನೂ ಕೇಳದೆ ಮನೆಗೆ ಮರಳಿದ. ಮಂಚದ ಕೆಳಗಿನಿಂದ ತನ್ನ ಕತ್ತರಿಸುವ ಮೆಷಿನ್ನು ತೆಗೆದು, ಹೊಸ ಬ್ಲೇಡು ಹಾಕಿ ಬಿಗಿದ.

"ನಾನು ಅವತ್ತು ಅಮ್ಮನ ವಿಷಯ ಹೇಳ್ಲಿಲ್ಲ" ಎಂದ ಹೆಂಡತಿಗೆ.

"ಗೊತ್ತು. ನಾನು ಅಲ್ಲೇ ನಿಂತಿದ್ನಲ್ಲ" ಎಂದಳು ಅವಳು. "ಅವರಿಗೆ ಸೀರೆ ಬದಲಾಯಿಸ್ತೀನಿ. ನೀವು ಹೋಗಿ."

ಕರೆಂಟು ತೆಗೆದುಕೊಳ್ಳಲು ತಗಡಿಗೆ ಹತ್ತಿರವಿದ್ದದ್ದು ಇಸ್ತ್ರಿ ಅಜ್ಜನ ಮನೆ. ಅಜ್ಜ ಮೆಷಿನ್ನನ್ನೂ ಅವನ ಮುಖವನ್ನೂ ನೋಡಿದ. ತನ್ನ ಇಸ್ತ್ರಿಪೆಟ್ಟಿಗೆಯ ವೈರು ಕಿತ್ತು, ಆ ಜಾಗಕ್ಕೆ ಇವನದನ್ನು ಸಿಕ್ಕಿಸಿ, ಸ್ವಿಚ್ಚಿನ ಮೇಲೆ ಕೈಯಿಟ್ಟು ನಿಂತ.

ಬ್ಲೇಡು ತಗಡಿಗೆ ತಾಗಿದ್ದೇ ಗಲ್ಲಿಯೆಲ್ಲ ಕಿರುಚಿದ ಹಾಗಾಯಿತು. ಹೊರಗಿನಿಂದ ಪೇದೆ ಲಾಠಿಯಲ್ಲಿ ಬಡಿದ. "ಏಯ್! ಯಾರೋ ಅದು? ನಿಲ್ಸೋ!"

"ಪಕ್ಕಕ್ಕೆ ಸರೀರಿ ಸಾರ್, ಕಿಡಿ ಹಾರುತ್ತೆ."

"ಕೇಸ್ ಹಾಕ್ತೀನಿ ನೋಡು!"

"ಹಾಕಿ. ಕಣ್ಣು ಮಾತ್ರ ಮುಚ್ಕೊಳ್ಳಿ, ಬಿದ್ರೆ ಹೋಗುತ್ತೆ."

ಪೇದೆ ಸರಿದ. ವೆಲ್ಡರ್ ಮೇಲಿನಿಂದ ಕೆಳಕ್ಕೆ ಒಂದು ಗೆರೆ ಕೊಯ್ದ, ಅಡ್ಡಕ್ಕೊಂದು, ಮತ್ತೆ ಕೆಳಕ್ಕೊಂದು. ಎರಡೂವರೆ ಅಡಿ ಅಗಲ, ಆರಡಿ ಎತ್ತರ. ತುಂಡು ಹೊರಕ್ಕೆ ದಡಾರೆಂದು ಬಿತ್ತು. ಜನ ನುಗ್ಗಲು ಹೋದಾಗ ಕೈ ಅಡ್ಡ ಹಿಡಿದು, ಚೂಪಾದ ಅಂಚುಗಳ ಮೇಲೆ ಮೆಷಿನ್ನನ್ನು ಇನ್ನೊಮ್ಮೆ ಆಡಿಸಿದ. ಬೆರಳು ಸವರಿ ನೋಡಿದ. ಆಮೇಲೆ ಅಮ್ಮನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿಕೊಂಡು ನಾಲ್ವರು ಹೊತ್ತು ತಂದರು.

ರಸ್ತೆಯಲ್ಲಿ ತರಕಾರಿಯವನ ಸರಕಿನ ಆಟೋ ನಿಂತಿತ್ತು. ಅವನು ಯಾರ ಅಪ್ಪಣೆಗೂ ಕಾಯದೆ ಎರಡು ಬುಟ್ಟಿ ಕೆಳಗಿಳಿಸಿ ಜಾಗ ಮಾಡಿದ. ಹೆಂಡತಿ ಅತ್ತೆಯನ್ನು ಎದೆಗೆ ಒರಗಿಸಿಕೊಂಡು ಕೂತಳು. ಪೇದೆ ಒಂದು ಕೈಯಲ್ಲಿ ವೆಲ್ಡರನ ಕಾಲರನ್ನೂ ಇನ್ನೊಂದರಲ್ಲಿ ಫೋನನ್ನೂ ಹಿಡಿದಿದ್ದ. ಆಟೋ ಪೇದೆಯ ಮುಂದೆಯೇ ಹೋಯಿತು. ಅವನು ಅತ್ತ ತಿರುಗಿ ನೋಡಲಿಲ್ಲ.

ನಾಲ್ಕು ದಿನ ಫೋನಿಗೆ ಸಿಗದಿದ್ದ ಅಧಿಕಾರಿ ಇಪ್ಪತ್ತೇ ನಿಮಿಷಕ್ಕೆ ಬಂದ. ಬಂದವನೇ ಬಿದ್ದಿದ್ದ ತುಂಡನ್ನು ಬೂಟಿನಿಂದ ತಟ್ಟಿ, "ಸರ್ಕಾರದ ಸೊತ್ತು ಕಣೋ ಇದು. ಎಷ್ಟು ಕೊಬ್ಬು ನಿಂಗೆ?" ಎಂದ.

"ನಾನೇ ಹಾಕಿದ್ದಲ್ವಾ ಸಾರ್."

ಗಲ್ಲಿಯ ಹೆಂಗಸರು ಕಿಂಡಿಯ ಒಳಗೇ ಒತ್ತಿಕೊಂಡು ನಿಂತಿದ್ದರು. ಒಬ್ಬಳೂ ಹೊಸ್ತಿಲು ದಾಟಿರಲಿಲ್ಲ. ಬಾಯಿಗೆ ಮಾತ್ರ ಯಾವ ತಡೆಯೂ ಇರಲಿಲ್ಲ. "ನಾಲ್ಕನೇ ಮಹಡಿಗೂ ಹಾಕ್ರೀ ತಗಡು!" "ನಾಯಿಗೆ ಪಾಸು, ನಮಗೆ ತಗಡಾ?" "ನಿಮ್ಮಮ್ಮನ್ನ ತಂದು ನಾಲ್ಕು ದಿನ ಇಲ್ಲಿ ಇಟ್ಟು ನೋಡ್ರೀ!" ಮೇಲೆ ಬಾಲ್ಕನಿಗಳಲ್ಲಿ ಫೋನುಗಳು ಕೆಳಮುಖವಾಗಿ ಚಾಚಿದ್ದವು. "ಒಳಗೆ ಹೋಗ್ರೀ, ನಿಮ್ಮಿಂದ ಎಲ್ರಿಗೂ ಬರುತ್ತೆ" ಎಂದು ಮೇಲಿನಿಂದ ಒಬ್ಬ ಕೂಗಿದ್ದಕ್ಕೆ ಇಸ್ತ್ರಿ ಅಜ್ಜ ಕತ್ತೆತ್ತಿ, ತನ್ನ ಎಪ್ಪತ್ತು ವರ್ಷದಲ್ಲಿ ಕಲಿತ ಬೈಗುಳಗಳಲ್ಲೆಲ್ಲ ಒಳ್ಳೆಯದನ್ನು ಆರಿಸಿ ಕೊಟ್ಟ.

ಸ್ಟೇಷನ್ನಿನಲ್ಲಿ ಕೇಸು ಬರೆದುಕೊಂಡರು. ಆಮೇಲೆ, ಸೀಲ್ ಮಾಡಿದ ಜಾಗದಿಂದ ತಪ್ಪಿಸಿಕೊಂಡು ಬಂದವನೆಂದು ಹದಿನಾಲ್ಕು ದಿನ ಪ್ರತ್ಯೇಕವಾಗಿ ಇರಿಸಲು ಒಂದು ಶಾಲೆಗೆ ಒಯ್ದರು. ಅವನನ್ನು ಹಾಕಿದ ತರಗತಿಯಲ್ಲಿ ಇಪ್ಪತ್ತೊಂದು ಗಂಡಸರಿದ್ದರು. ಗಾರೆಯವರು, ಲೋಡು ಇಳಿಸುವವರು, ಊರಿಗೆ ನಡೆದು ಹೊರಟು ಸಿಕ್ಕಿಬಿದ್ದವರು. ಮಹಡಿ ಮನೆಯವನು ಒಬ್ಬನೂ ಇರಲಿಲ್ಲ.

ಹೊರಗಿನ ಸುದ್ದಿ ಹೆಂಡತಿಯ ಫೋನಿನಿಂದಲೇ ತಿಳಿಯುತ್ತಿತ್ತು. ಭಾನುವಾರ ಆಸ್ಪತ್ರೆಯ ಬಾಗಿಲಲ್ಲಿ ಗಲ್ಲಿಯ ಹೆಸರು ಕೇಳಿದ್ದೇ ಕೈ ಅಡ್ಡ ಹಿಡಿದರಂತೆ. ಮೂರು ಗಂಟೆ ಮೆಟ್ಟಿಲ ಮೇಲೆ ಕೂತ ಮೇಲೆ, ಮೂರು ವರ್ಷದಿಂದ ಅಮ್ಮನನ್ನು ಬಲ್ಲ ನರ್ಸ್ ಒಬ್ಬಳು ಬಂದು ಯಾರ ಜೊತೆಗೋ ಜಗಳವಾಡಿ ಒಳಗೆ ಕರೆದುಕೊಂಡಳಂತೆ. ಬಾಲ್ಕನಿಯವರು ತೆಗೆದ ವಿಡಿಯೊ ಊರೆಲ್ಲ ಓಡಾಡಿತ್ತು. ಬಾಗಿಲಿಲ್ಲದ್ದು ಕೆಳಹಂತದ ಸಿಬ್ಬಂದಿಯ ಅಚಾತುರ್ಯ ಎಂದು ವಾರ್ಡ್ ಆಫೀಸು ಹೇಳಿಕೆ ಕೊಟ್ಟು, ಕಿಂಡಿಗೆ ಬೀಗದ ಬಾಗಿಲು ಕೂರಿಸಿ, ಮಂಗಳವಾರ ಮತ್ತು ಶುಕ್ರವಾರ ಅಮ್ಮನಿಗೊಂದು ಗಾಡಿ ಗೊತ್ತುಮಾಡಿತು. ಗಲ್ಲಿಯ ನಲವತ್ತೆರಡು ಮನೆಯವರ ಗಂಟಲಿಗೂ ಕಡ್ಡಿ ಹಾಕಿ ನೋಡಿದರು. ಒಬ್ಬರಿಗೂ ಕಾಯಿಲೆ ಇರಲಿಲ್ಲ. ತಗಡು ಮಾತ್ರ ಇಪ್ಪತ್ತೆಂಟು ದಿನ ಇರಬೇಕಂತೆ, ಆರ್ಡರಿನಲ್ಲಿದೆ.

"ಕೇಸು ವಾಪಸ್ ತಗೋತಾರಂತಾ?" ಎಂದು ಅವನು ಕೇಳಿದ.

"ಅದೇನೂ ಹೇಳ್ಲಿಲ್ಲ" ಎಂದಳು.

ಮಂಗಳವಾರ ಹನ್ನೊಂದರ ಹೊತ್ತಿಗೆ ಅವನು ಕಿಟಕಿಯ ಪಕ್ಕ, ಮೊಣಕಾಲು ಗದ್ದಕ್ಕೆ ತಾಗುವಂಥ ಮಕ್ಕಳ ಬೆಂಚಿನ ಮೇಲೆ ಕೂತಿದ್ದ. ಫೋನು ಬಂತು. ಅಮ್ಮ.

"ಡಯಾಲಿಸಿಸ್ ಹಾಕಿದ್ದಾರೆ ಕಣೋ ಮಗಾ. ಗಾಡಿ ಬಂದಿತ್ತು. ಊಟ ಆಯ್ತಾ ನಿಂದು?"

"ಇನ್ನೂ ಇಲ್ಲಮ್ಮ. ನಿಜವಾಗ್ಲೂ ಹಾಕಿದ್ದಾರಾ? ನನಗೆ ಸಮಾಧಾನ ಆಗ್ಲಿ ಅಂತ ಹೇಳ್ತಿಲ್ಲ ತಾನೆ?"

"ನಂಬಿಕೆ ಇಲ್ವಾ? ತಾಳು, ಕೇಳಿಸ್ತೀನಿ."

ಅವಳು ಫೋನನ್ನು ಮೆಷಿನ್ನಿನ ಕಡೆ ಹಿಡಿದಳು. ಕೋಣೆಯ ಗದ್ದಲದಲ್ಲಿ ಅವನಿಗೆ ಸರಿಯಾಗಿ ಕೇಳಿಸಲಿಲ್ಲ. ಸ್ಪೀಕರ್ ಹಾಕಿ ಫೋನನ್ನು ಬೆಂಚಿನ ಮೇಲಿಟ್ಟ. ಒಂದೇ ಲಯದಲ್ಲಿ ಏನೋ ತಿರುಗುವ ಸದ್ದು, ನಡುವೆ ಸಣ್ಣ ಟಿಕ್. ಪಕ್ಕದಲ್ಲಿ ಅಂಗಿ ಮಡಿಸುತ್ತಿದ್ದ ಗಾರೆಯವನು ಕೈ ನಿಲ್ಲಿಸಿದ.

"ಏನಣ್ಣ ಅದು?"

"ನಮ್ಮಮ್ಮ" ಎಂದ ವೆಲ್ಡರ್.

ಗಾರೆಯವನು ಹಿಂದಿನವರ ಕಡೆ ತಿರುಗಿ ತುಟಿಯ ಮೇಲೆ ಬೆರಳಿಟ್ಟ. ಮಾತಾಡುತ್ತಿದ್ದವರು ಒಬ್ಬೊಬ್ಬರಾಗಿ ಸುಮ್ಮನಾದರು. ಬೆಂಚಿನ ಮೇಲೆ ಸದ್ದು ತಿರುಗುತ್ತಲೇ ಇತ್ತು.